ಸೆಕೆಂಡಿನ ಚೂರಿಗೆ ಹೆದರಿದವರು

ಕಂಪ್ಯೂಟರಿನ ಒಳಮನೆಯಲ್ಲಿ ದುಡಿಯುವವರ ಹೆಸರು ಹೊರಗಿನವರ ಕಿವಿಗೆ ಬೀಳುವುದು ಅಪರೂಪ. ಪರದೆಯ ಮೇಲೆ ಅಂದದ ಚಿತ್ರ ಮೂಡಿಸುವವರನ್ನು ಲೋಕ ಕೊಂಡಾಡುತ್ತದೆ. ಆ ಚಿತ್ರವನ್ನು ಹಿಡಿದಿಟ್ಟ ಫೈಲು ಎಲ್ಲಿದೆ, ಅದನ್ನು ಡಿಸ್ಕಿನ ಮೇಲೆ ಒಪ್ಪವಾಗಿ ಜೋಡಿಸಿ, ಕೇಳಿದಾಗ ಎತ್ತಿಕೊಡುವ ಫೈಲ್ ಸಿಸ್ಟಮ್ ಎಂಬುದನ್ನು ಬರೆದವರು ಯಾರು ಎಂದು, ಅದು ಕೈಕೊಡುವ ದಿನದವರೆಗೆ, ಯಾರೂ ವಿಚಾರಿಸುವುದಿಲ್ಲ. ಅಂಥ ಕ್ಷೇತ್ರದಲ್ಲಿ ಮೂವತ್ತಮೂರು ವರ್ಷ ಒಂದೇ ಸಂಸ್ಥೆಯಲ್ಲಿ, ಹೆಚ್ಚುಕಡಿಮೆ ಒಂದೇ ಮೇಜಿನಲ್ಲಿ ಕುಳಿತು ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರ್ ಮೇಡಂ ಅವರಿಗೆ ಸಲ್ಲಬೇಕಾದ ಗೌರವ ಈ ಅಭಿನಂದನ ಸಂಪುಟದ ರೂಪದಲ್ಲಾದರೂ ಸಲ್ಲುತ್ತಿರುವುದು ಸಂತೋಷದ ಸಂಗತಿ.

ಇಂಥ ಸಂಪುಟಗಳಲ್ಲಿ ಗೌರವಕ್ಕೆ ಪಾತ್ರರಾದವರ ಧೈರ್ಯವನ್ನು ಹೊಗಳುವುದು ವಾಡಿಕೆ. ಮೇಡಂ ವಿಷಯದಲ್ಲಿ ಹಾಗೆ ಬರೆದರೆ ಅವರೇ ಮೊದಲು ನಕ್ಕುಬಿಟ್ಟಾರು. ಲಿಫ್ಟ್ ಹತ್ತಲು ಹೆದರಿ ಐದು ಮಹಡಿ ಮೆಟ್ಟಿಲು ಏರುತ್ತಿದ್ದವರು ಅವರು. ಗುರುತಿಲ್ಲದವರೊಡನೆ ಫೋನಿನಲ್ಲಿ ಮಾತಾಡುವುದೆಂದರೆ ಅಂಗೈ ಬೆವರುತ್ತಿತ್ತು. ಅವರ ಯಜಮಾನರು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. "ಊರಿಗೆಲ್ಲ ಸ್ಟಿಯರಿಂಗ್ ಹಿಡಿಸಿದೀನಿ, ಮನೆಯವಳನ್ನ ಆ ಸೀಟಲ್ಲಿ ಕೂರಿಸೋಕೆ ಮಾತ್ರ ನನ್ನ ಕೈಲಾಗ್ಲಿಲ್ಲ" ಎಂದು ಅವರು ಕಚೇರಿಯ ಸಮಾರಂಭಗಳಲ್ಲಿ ಹೇಳಿ ನಗಿಸುತ್ತಿದ್ದರು. ಬೆನ್ನ ಹಿಂದೆ ಮೇಡಂ ಅವರಿಗೆ 'ಪುಕ್ಕಲು ಮೇಡಂ' ಎಂಬ ಹೆಸರಿತ್ತು. ಅದು ಅವರಿಗೂ ಗೊತ್ತಿತ್ತು. ಆ ಹೆಸರಿಟ್ಟವರಲ್ಲಿ ಈ ಲೇಖಕನೂ ಒಬ್ಬ.

ಸೇವೆಗೆ ಸೇರಿದ ನಾಲ್ಕನೆಯ ವರ್ಷವೇ ಅವರ ಹೆಸರು ವಿಭಾಗದಲ್ಲಿ ನೆಲೆಯೂರಿತು. ಪ್ರತಿ ಫೈಲಿನ ಜೊತೆಗೂ ಅದು ಕೊನೆಗೆ ಬದಲಾದ ಹೊತ್ತನ್ನು ಆಪರೇಟಿಂಗ್ ಸಿಸ್ಟಮ್ ಬರೆದಿಡುತ್ತದೆ, ಅದೇ ಟೈಮ್‌ಸ್ಟ್ಯಾಂಪ್. ಕಂಪ್ಯೂಟರಿನ ಮೆಮೊರಿಯಲ್ಲಿ ಈ ಹೊತ್ತನ್ನು ಸೆಕೆಂಡಿನ ಚೂರುಗಳ ಸಮೇತ, ಒಂಬತ್ತು ದಶಮಾಂಶಗಳವರೆಗೆ ಇಡಬಹುದಿತ್ತು. ಅಂದಿನ ಡಿಸ್ಕುಗಳಲ್ಲಾದರೋ ಇಡೀ ಸೆಕೆಂಡಿಗೆ ಮಾತ್ರ ಜಾಗ. ಹೀಗಾಗಿ ಒಂದು ಫೈಲು ಮೆಮೊರಿಯಲ್ಲಿ ಇರುವಷ್ಟು ಹೊತ್ತು 'ಐದೂವರೆ ಸೆಕೆಂಡು' ಎನ್ನುತ್ತಿತ್ತು. ಮೆಮೊರಿಯಿಂದ ಇಳಿದು ಮತ್ತೆ ಡಿಸ್ಕಿನಿಂದ ಏರಿದಾಗ ಬರೀ 'ಐದು' ಎನ್ನುತ್ತಿತ್ತು. ಯಾರೂ ಮುಟ್ಟದ ಫೈಲಿನ ಹೊತ್ತು ಹಿಂದಕ್ಕೆ ಸರಿಯುತ್ತಿತ್ತು. ಆ ಹೊತ್ತನ್ನೇ ನಂಬಿ ಕೆಲಸ ಮಾಡುವ ಪ್ರೋಗ್ರಾಮುಗಳು ಕಕ್ಕಾಬಿಕ್ಕಿಯಾಗುತ್ತಿದ್ದವು.

ತಿಂಗಳುಗಟ್ಟಲೆ ಹಲವರು ಬೆನ್ನಟ್ಟಿ ಸೋತ ಈ ತೊಂದರೆಯ ಬೇರನ್ನು ಹುಡುಕಿದವರು ಮೇಡಂ. ಉಳಿಸಿಕೊಳ್ಳಲಾಗದ ಚೂರನ್ನು ತೋರಿಸಲೇಬಾರದು ಎಂಬುದು ಅವರ ತೀರ್ಮಾನ. ಪ್ರತಿಯೊಂದು ಡಿಸ್ಕ್ ವಿನ್ಯಾಸವೂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮವೂ, ತಾನು ಎಷ್ಟು ಸೂಕ್ಷ್ಮವಾಗಿ ಹೊತ್ತನ್ನು ಉಳಿಸಬಲ್ಲೆ ಎಂದು ಒಂದು ಸಾಲಿನಲ್ಲಿ ಘೋಷಿಸಬೇಕು. ಫೈಲಿಗೆ ಹೊತ್ತು ಹಾಕುವಾಗಲೇ ಅದಕ್ಕಿಂತ ಸಣ್ಣ ಚೂರನ್ನು ಕತ್ತರಿಸಿಬಿಡಬೇಕು. ಯಾವುದಾದರೂ ವಿನ್ಯಾಸ ಏನನ್ನೂ ಘೋಷಿಸದೆ ಸುಮ್ಮನಿದ್ದರೆ? ಅದಕ್ಕೆ ಒಂದು ಸೆಕೆಂಡು ಎಂದೇ ಇಟ್ಟುಕೊಳ್ಳತಕ್ಕದ್ದು, ಅದಕ್ಕಿಂತ ಸುರಕ್ಷಿತವಾದದ್ದು ಇನ್ನೊಂದಿಲ್ಲ ಎಂದು ಅವರು ಬರೆದರು. ಹೆದರಿ ಹೆದರಿ ಆರಿಸಿದ ದಾರಿ ಅದು. ಆ ಕೋಡ್ ಹನ್ನೊಂದು ವರ್ಷ ಒಂದು ದಿನವೂ ತಕರಾರು ಎತ್ತಲಿಲ್ಲ.

ಆ ಕೋಡಿನ ಹನ್ನೆರಡನೆಯ ವರ್ಷ ಸಂಸ್ಥೆಯಲ್ಲಿ ಹೊಸ ಡಿಸ್ಕ್ ವಿನ್ಯಾಸವೊಂದು ಸಿದ್ಧವಾಯಿತು. ಒಂಬತ್ತು ದಶಮಾಂಶಗಳಿಗೂ ಅದರಲ್ಲಿ ಜಾಗವಿತ್ತು. ಬರೆದವನು ಈ ಲೇಖಕ. ಹಾಗೆಂದು ಘೋಷಿಸುವ ಆ ಒಂದು ಸಾಲನ್ನು ಬರೆಯಲು ಮರೆತವನೂ ಅವನೇ. ಪರಿಶೀಲಿಸಿ ಕೆಳಗೆ ಹೆಸರು ಹಾಕಿದವರು ಮೇಡಂ. ಸಾವಿರಾರು ಸಾಲುಗಳ ನಡುವೆ ಇಲ್ಲದ ಸಾಲೊಂದು ಇಬ್ಬರ ಕಣ್ಣಿಗೂ ಬೀಳಲಿಲ್ಲ. ವಿನ್ಯಾಸವು ನಲವತ್ತೊಂದು ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಹೋಯಿತು.

ಮೂರು ತಿಂಗಳ ಮೇಲೆ ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತು, ಸಹಾಯವಾಣಿಯವರು ಒಂದು ಕರೆಯನ್ನು ಮೇಡಂ ಮೇಜಿಗೆ ದಾಟಿಸಿದರು. ಆ ಕಡೆ ಮಕ್ಕಳ ವಾರ್ಡಿನ ನರ್ಸೊಬ್ಬರು.

"ಔಷಧ ವಿಭಾಗದವರ ಪರದೇಲಿ ಡೋಸು ಹದಿನಾಲ್ಕು ಅಂತಿದೆ ಮೇಡಂ, ನಮ್ಮ ಪರದೇಲಿ ನಲವತ್ತು ಅಂತಿದೆ. ಮಗು ಒಂಬತ್ತು ಕೆಜಿ ಇದೆ. ಆಫ್ ಮಾಡಿ ಆನ್ ಮಾಡಿ ಅಂದ್ರು ನಿಮ್ಮೋರು. ಮಾಡ್ದೆ. ಇನ್ನೂ ನಲವತ್ತೇ ಇದೆ."

"ಔಷಧಿ ಶುರು ಮಾಡಿದೀರಾ?" ಎಂದು ಮೇಡಂ ಕೇಳಿದರು.

"ಇಲ್ಲ. ನಂಗ್ಯಾಕೋ ಕೈ ಬರ್ಲಿಲ್ಲ."

ಮೇಡಂ ತಮ್ಮ ಮೇಜಿನಿಂದಲೇ ಆ ಆಸ್ಪತ್ರೆಯ ಎರಡೂ ಕಂಪ್ಯೂಟರುಗಳನ್ನು ತೆರೆದು, ಆ ಮಗುವಿನ ಔಷಧ ಪ್ರಮಾಣದ ಫೈಲನ್ನು ಎರಡೂ ಕಡೆ ನೋಡಿದರು. ಒಳಗಿನ ಅಂಕಿ ಬೇರೆ. ಗಾತ್ರ ಒಂದೇ. ಹೊತ್ತೂ ಒಂದೇ. ಸೆಕೆಂಡಿನ ಆಚೆ ದಶಮಾಂಶದ ಜಾಗದಲ್ಲಿ ಒಂಬತ್ತು ಸೊನ್ನೆಗಳು ಸಾಲಾಗಿ ಕುಳಿತಿದ್ದವು. ಹೊಸ ವಿನ್ಯಾಸದಲ್ಲಿ ಅಲ್ಲಿ ಸೊನ್ನೆ ಇರಕೂಡದು. ಆ ಸೊನ್ನೆಗಳನ್ನು ನೋಡಿದ ಗಳಿಗೆಯಲ್ಲೇ, ಬೀದಿಯಲ್ಲಿ ತಮ್ಮದೇ ಕೈಬರಹ ಬಿದ್ದಿರುವುದನ್ನು ಕಂಡಂತೆ ಗುರುತು ಸಿಕ್ಕಿತೆಂದು ಅವರು ಮುಂದೊಮ್ಮೆ ಹೇಳಿದ್ದುಂಟು.

ಆದದ್ದು ಇಷ್ಟು. ವೈದ್ಯರು ಬರೆದ ಪ್ರಮಾಣವನ್ನು ಔಷಧ ವಿಭಾಗದ ಕಂಪ್ಯೂಟರು ಮೊದಲು ಹಾಗೆಯೇ ಉಳಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ರೋಗಿಯ ತೂಕಕ್ಕೆ ತಕ್ಕಂತೆ ತಿದ್ದಿ ಅದೇ ಫೈಲಿನಲ್ಲಿ ಮತ್ತೆ ಬರೆಯುತ್ತದೆ. ಬದಲಾದ ಫೈಲುಗಳನ್ನು ವಾರ್ಡಿಗೆ ನಕಲಿಸುವ ಪ್ರೋಗ್ರಾಮು ಅಕಸ್ಮಾತ್ ಈ ಎರಡು ಬರವಣಿಗೆಗಳ ನಡುವೆ ಬಂದರೆ ತಿದ್ದದ ಅಂಕಿಯನ್ನು ಒಯ್ಯುತ್ತದೆ. ಮುಂದಿನ ಸಲ ಬಂದಾಗ ಹೊತ್ತನ್ನೂ ಗಾತ್ರವನ್ನೂ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಏನೂ ಬದಲಾಗಿಲ್ಲವೆಂದು ಹಿಂದಿರುಗುತ್ತದೆ. ಎರಡು ಬರವಣಿಗೆಗಳನ್ನು ಬೇರ್ಪಡಿಸಿ ತೋರಿಸಬೇಕಾಗಿದ್ದ ಚೂರನ್ನು ಮೇಡಂ ಬರೆದ ಕೋಡ್ ಕತ್ತರಿಸಿ ಎಸೆದಿತ್ತು.

"ವಾರ್ಡಿನ ಅಂಕಿ ತಪ್ಪು ಸಿಸ್ಟರ್. ಹದಿನಾಲ್ಕೇ ಸರಿ. ಡಾಕ್ಟರನ್ನ ಕೇಳಿ, ಕಾಗದದ ಮೇಲೆ ಬರೆಸ್ಕೊಳ್ಳಿ. ಪರದೆ ನಂಬಬೇಡಿ" ಎಂದು ಅವರು ಫೋನಿಟ್ಟರು. ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡರು. ಒಂದು ವಾರ್ಡಿನಲ್ಲಿ ಒಬ್ಬ ನರ್ಸಿಗೆ ಕೈ ಬರಲಿಲ್ಲ, ಸರಿ. ಉಳಿದ ನಲವತ್ತು ಆಸ್ಪತ್ರೆಗಳಲ್ಲಿ, ಈ ಗಳಿಗೆಯಲ್ಲಿ, ಎಷ್ಟು ಪರದೆಗಳ ಮೇಲೆ ತಪ್ಪು ಅಂಕಿ ತಣ್ಣಗೆ ಕುಳಿತಿದೆ?

ವಿಭಾಗದ ಮುಖ್ಯಸ್ಥರ ಕೋಣೆಗೆ ಅವರು ಹೋದಾಗ ಈ ಲೇಖಕನೂ ಜೊತೆಗಿದ್ದ. ಮುಖ್ಯಸ್ಥರು ಕೆಟ್ಟವರಲ್ಲ, ಹದಿನೈದು ಕೆಲಸಗಳ ನಡುವೆ ಸಿಕ್ಕಿಬಿದ್ದವರು.

"ಶುಕ್ರವಾರ ಹೇಗೂ ಹೊಸ ಆವೃತ್ತಿ ಹೋಗುತ್ತಲ್ಲ, ಅದರಲ್ಲೇ ಸರಿಮಾಡೋಣ. ಸಾವಿರಕ್ಕೊಂದು ಸಲ ಆಗೋದಕ್ಕೆ ಎಲ್ಲರನ್ನೂ ಯಾಕೆ ಹೆದರಿಸ್ತೀರಿ?"

"ಹೆದರ್ಲಿ ಸರ್. ಈಗ ಹೆದರಬೇಕು."

"ಆ ವಿನ್ಯಾಸದ ಕೆಳಗೆ ಇರೋದು ನಿಮ್ಮ ಹೆಸರು. ಗೊತ್ತಲ್ಲ?"

"ಗೊತ್ತು ಸರ್. ಅದಕ್ಕೇ ಫೋನ್ ನಾನೇ ಮಾಡ್ತೀನಿ."

ಹೇಳಬೇಕಾದ ನಾಲ್ಕು ಮಾತನ್ನು ಅವರು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡರು. ಮೊದಲ ಕರೆಗೆ ಎರಡು ಸಲ ತಪ್ಪು ನಂಬರ್ ಒತ್ತಿದರು. ನೋಡುತ್ತ ನಿಂತಿದ್ದ ನಾವೈದು ಜನ ಪಟ್ಟಿಯನ್ನು ಹರಿದು ಹಂಚಿಕೊಂಡೆವು. ಔಷಧ ಏರುತ್ತಿರುವ ಪ್ರತಿಯೊಬ್ಬ ರೋಗಿಯ ಅಂಕಿಯನ್ನೂ ಎರಡೂ ಕಡೆ ಕಣ್ಣಾರೆ ಹೋಲಿಸಿ ನೋಡಿ ಎಂದಷ್ಟೇ ಕೇಳಬೇಕಿತ್ತು. ಕೆಲವರು ರೇಗಿದರು, ಕೆಲವರು ನಂಬಲಿಲ್ಲ, ಒಂದೆಡೆ ಸಂಗೀತ ಹಾಕಿ ಇಪ್ಪತ್ತು ನಿಮಿಷ ಕಾಯಿಸಿದರು. ನಾಲ್ಕು ಗಂಟೆಯ ಹೊತ್ತಿಗೆ ಇನ್ನೂ ಐದು ತಪ್ಪು ಅಂಕಿಗಳು ಸಿಕ್ಕಿದ್ದವು. ನಾಲ್ಕರಲ್ಲಿ ವ್ಯತ್ಯಾಸ ಸಣ್ಣದು.

ಐದನೆಯದು ಮೇಡಂ ಅವರ ಕರೆಯಲ್ಲೇ ಸಿಕ್ಕಿತು. ಹೃದಯದ ವಾರ್ಡು. ಆ ಕಡೆಯವರು ಹಾಸಿಗೆಯ ನಂಬರುಗಳನ್ನು ಓದುತ್ತ ಓದುತ್ತ ಥಟ್ಟನೆ ನಿಂತರು. "ಒಂದ್ನಿಮಿಷ ಇರಿ" ಎಂದರು. ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಓಡುವ ಹೆಜ್ಜೆಗಳು. ಯಾರೋ ಯಾರನ್ನೋ ಕೂಗಿದರು. ಆಮೇಲೆ ಎಚ್ಚರಿಕೆಯ ಗಂಟೆಯೊಂದು ಹೊಡೆದುಕೊಳ್ಳತೊಡಗಿತು, ನಿಲ್ಲಲಿಲ್ಲ. ಮೇಡಂ ಹನ್ನೊಂದು ನಿಮಿಷ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದರು. ನೀರು ಕೊಟ್ಟರೆ ತಲೆಯಾಡಿಸಿದರು.

ಕೊನೆಗೆ ಧ್ವನಿ ಮರಳಿ ಬಂತು. "ನಿಲ್ಲಿಸಿದೀವಿ. ಬೆಳಿಗ್ಗೆಯಿಂದ ಹೋಗ್ತಾ ಇತ್ತು. ಉಸಿರಿದೆ. ಡಾಕ್ಟರು ಪಕ್ಕದಲ್ಲೇ ಇದಾರೆ. ಈಗಲೇ ಏನೂ ಹೇಳೋಕಾಗಲ್ಲ."

ಈ ಲೇಖಕ ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಹೋಗಿ ಕುಳಿತಿದ್ದ. ಮರೆತದ್ದು ತನ್ನ ಸಾಲು. ಅದು ಒಂದು ಜೀವದ ಮೇಲೆ ಬಂದಿತ್ತು. ಉಳಿದ ಕರೆಗಳನ್ನೆಲ್ಲ ಮುಗಿಸಿದ ಮೇಲೆ ಮೇಡಂ ಬಂದು ಪಕ್ಕದಲ್ಲಿ ಕುಳಿತರು.

"ಊಟ ಆಯ್ತೇನಪ್ಪಾ?"

"ನಾನು ಬರೀಬೇಕಿತ್ತು ಮೇಡಂ ಆ ಸಾಲು."

"ಹೌದು, ಬರೀಬೇಕಿತ್ತು. ನೀನು ಮರೆತ್ರೆ ಏನಾಗುತ್ತೆ ಅಂತ ನಾನು ಯೋಚನೆ ಮಾಡ್ಬೇಕಿತ್ತು. ಹನ್ನೊಂದು ವರ್ಷ ಟೈಮ್ ಇತ್ತು ನಂಗೆ. ಏಳು, ಏನಾದ್ರೂ ತಿನ್ನು. ಆಮೇಲೆ ಒಟ್ಟಿಗೆ ಹೆದರೋಣ."

ಆಮೇಲೆ ಸಂಸ್ಥೆ ನಡೆಸಿದ ವಿಚಾರಣೆಗೆ ಅವರು ಸಲ್ಲಿಸಿದ ವರದಿಯಲ್ಲಿ ಮೊದಲ ಕಾರಣವಾಗಿ ಬರೆದದ್ದು ತಮ್ಮ ಒಂದು ಸೆಕೆಂಡಿನ ನಿಯಮವನ್ನು. ಮರೆತ ಸಾಲು ಎರಡನೆಯ ಕಾರಣವಾಗಿ ಬಂತು, ಬರೆದವನ ಹೆಸರಿಲ್ಲದೆ. ಆ ವರ್ಷ ಬರಬೇಕಿದ್ದ ಬಡ್ತಿ ಅವರಿಗೆ ಬರಲಿಲ್ಲ.

ಆ ಮಂಗಳವಾರದ ಮರುದಿನ ಬೆಳಿಗ್ಗೆ, ಯಾರೂ ಹೇಳದಿದ್ದರೂ, ಅವರು ಆ ಹೃದಯದ ವಾರ್ಡಿದ್ದ ಆಸ್ಪತ್ರೆಗೆ ಹೋಗಿದ್ದರು. ಕರೆದೊಯ್ದವರು ಯಜಮಾನರು. ದಾರಿಯುದ್ದಕ್ಕೂ ಮೇಡಂ "ವಾಪಸ್ ಹೋಗೋಣ" ಎಂದು ಮೂರು ಸಲ ಹೇಳಿದರಂತೆ, ಯಜಮಾನರು ಮೂರು ಸಲವೂ ಕಾರು ನಿಲ್ಲಿಸಿ, "ತಿರುಗಿಸ್ಲಾ?" ಎಂದು ಕೇಳಿ, ಉತ್ತರ ಬಾರದಿದ್ದಾಗ ಮುಂದಕ್ಕೆ ಓಡಿಸಿದರಂತೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ರೋಗಿಯ ಹೆಂಡತಿ ಕುಳಿತಿದ್ದರು, ಎಪ್ಪತ್ತರ ಹತ್ತಿರದ ಹೆಂಗಸು, ಮಡಿಲಲ್ಲಿ ಗಂಡನ ಕನ್ನಡಕ. ಮೇಡಂ ನಿಂತುಕೊಂಡೇ ಎಲ್ಲವನ್ನೂ ಹೇಳಿದರು.

ಆಕೆ ಕೇಳಿದರು: "ನಿಮಗೆ ಇದು ಯಾವಾಗಿಂದ ಗೊತ್ತು?"

"ನಿನ್ನೆ ಮಧ್ಯಾಹ್ನದಿಂದ."

"ಮಧ್ಯಾಹ್ನದಿಂದ ಏನು ಮಾಡಿದ್ರಿ?"

"ಫೋನ್ ಮಾಡ್ತಾ ಇದ್ದೆ."

"ನಮ್ಮೋರಿಗೆ ನಿಲ್ಲಿಸಿದ್ದು ಆ ಫೋನಿಂದಾನಾ?"

ಉತ್ತರಕ್ಕೆ ಕಾಯದೆ ಆಕೆ ಪಕ್ಕಕ್ಕೆ ಸರಿದು, "ಕೂತ್ಕೊಳ್ಳಿ. ನಂಗೊಬ್ಳಿಗೇ ಕೂರೋಕೆ ಭಯ ಆಗುತ್ತೆ" ಎಂದರು. ಇಬ್ಬರೂ ಸಂಜೆಯವರೆಗೆ ಆ ಬೆಂಚಿನ ಮೇಲೆ ಕುಳಿತಿದ್ದರು. ಒಳಗಿನ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೇ ಬೆಚ್ಚುತ್ತಿದ್ದರು. ಒಂಬತ್ತನೆಯ ದಿನ ಆಕೆಯ ಗಂಡ, ಆ ಹಿರಿಯರು, ನಡೆದುಕೊಂಡೇ ಮನೆಗೆ ಹೋದರು.

ಕಥೆ ಇಲ್ಲಿಗೆ ಸುಖಾಂತ್ಯವಾಯಿತೆಂದು ಬರೆಯಲು ಆಸೆಯಾಗುತ್ತದೆ. ಆದರೆ ಒಂದು ಆಸ್ಪತ್ರೆಯ ವಾರ್ಡ್ ಕಂಪ್ಯೂಟರು ಹಳೆಯ ಫೈಲುಗಳನ್ನು ವಾರಕ್ಕೊಮ್ಮೆ ಅಳಿಸುತ್ತಿತ್ತು. ಆ ಮೂರು ತಿಂಗಳಲ್ಲಿ ಅಲ್ಲಿ ಏನಾದರೂ ಆಗಿತ್ತೇ ಎಂಬುದು ಯಾರಿಗೂ ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಮೇಡಂ ಎರಡು ವರ್ಷ ಬಿಡುವಿದ್ದಾಗಲೆಲ್ಲ ಅದರ ಕುರುಹು ಹುಡುಕಿದರು. ಆ ಊರಿನ ಹೆಸರು ಮಾತಿನಲ್ಲಿ ಬಂದರೆ ಇಂದಿಗೂ ಅವರ ಕೈ ಮೇಜಿನ ಅಂಚನ್ನು ಹಿಡಿಯುತ್ತದೆ.

ಅವರು ಆಮೇಲೆ ಮಾಡಿದ ತಿದ್ದುಪಡಿಯನ್ನು ಕ್ಷೇತ್ರದವರೆಲ್ಲ ಬಲ್ಲರು. ಒಂದು ಸೆಕೆಂಡಿನ ನಿಯಮವನ್ನು ಕಿತ್ತುಹಾಕಿದರು. ಸೂಕ್ಷ್ಮತೆಯನ್ನು ಘೋಷಿಸದ ವಿನ್ಯಾಸದ ಡಿಸ್ಕನ್ನು ಸಿಸ್ಟಮ್ ಈಗ ತೆರೆಯುವುದೇ ಇಲ್ಲ. ನಕಲಿಸುವ ಪ್ರೋಗ್ರಾಮು ಬರೆದವರ ಬಳಿಗೆ ತಾವೇ ಹೋಗಿ, ಹೊತ್ತನ್ನು ಮಾತ್ರ ನಂಬಬೇಡಿ, ಒಳಗಿನ ಬರಹವನ್ನೇ ಹೋಲಿಸಿ ಎಂದು ಒಪ್ಪಿಸಿದರು. ಒಂಬತ್ತು ಅಂಕಿಗೆ ಜಾಗವಿದೆ ಎಂದ ಮಾತ್ರಕ್ಕೆ ಒಂಬತ್ತೂ ನಿಜವಲ್ಲ, ಸಿಸ್ಟಮ್ಮಿನ ಗಡಿಯಾರವೇ ಅಷ್ಟು ಬೇಗ ಮಿಡಿಯುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುವಾಗಲೆಲ್ಲ ಎಚ್ಚರಿಸುತ್ತ ಬಂದರು.

ಕಳೆದ ತಿಂಗಳು ಅವರು ಈ ಲೇಖಕನ ಮೇಜಿಗೆ ಬಂದು, "ನಿನ್ನ ಹೊಸ ಬದಲಾವಣೆ ಓದ್ದೆ. ಒಂದ್ಕಡೆ ನಂಗೆ ಭಯ ಆಯ್ತು" ಎಂದರು.

"ಎಲ್ಲಿ ಮೇಡಂ?"

"ನೀನೇ ಹುಡುಕು."

ಅವನು ಎರಡು ದಿನ ಸಾಲುಸಾಲಾಗಿ ಜಾಲಾಡಿದ. ಇರುವ ಸಾಲುಗಳನ್ನು ಓದಿದ, ಇಲ್ಲದ ಸಾಲುಗಳನ್ನು ಊಹಿಸಿದ. ಮೂರನೆಯ ದಿನ ಹೋಗಿ, "ಎಲ್ಲೂ ಏನೂ ಕಾಣಲಿಲ್ಲ ಮೇಡಂ" ಎಂದು ಒಪ್ಪಿಸಿದ.

"ಇಲ್ದೇ ಇದ್ರೆ ಒಳ್ಳೇದೇ ಆಯ್ತು. ಎರಡು ದಿನ ಹುಡುಕಿದ್ಯಲ್ಲ, ನಾನಿನ್ನು ಹೋಗ್ಬಹುದು" ಎಂದರು ಮೇಡಂ.

ಮೇಡಂ ಅವರಿಗೆ ಆಯುರಾರೋಗ್ಯ ಕೂಡಿಬರಲಿ. ವಾರಕ್ಕೊಂದು ಬೆಳಿಗ್ಗೆ ಬಂದು ಹೊಸಬರಿಗೆ ಪಾಠ ಹೇಳುತ್ತೇನೆಂದು ಕೊಟ್ಟಿರುವ ಮಾತು ಬಹುಕಾಲ ನಡೆಯಲಿ. ಉಳಿದ ಆರು ದಿನ ಬೆಳಿಗ್ಗೆ ಫೋನು ಸದ್ದುಮಾಡಿದರೆ ಅವರು ಬೆಚ್ಚದೆ ಎತ್ತುವಂತಾಗಲಿ. ಬೆಚ್ಚುವ ಕೆಲಸವನ್ನು ಇನ್ನು ಮುಂದೆ ನಾವು ನೋಡಿಕೊಳ್ಳುತ್ತೇವೆ.