ನಿಪ್ಪಾಣಿಯಿಂದ ಶಿರಗುಪ್ಪಿಗೆ: ಅಣ್ಣಪ್ಪ ಮಾಮಾನ ಸೈಕಲ್ ಪರೀಕ್ಷೆ

ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಹೆಂಗಸಾದ ನನಗೆ ಟಿಕೆಟ್ ಪುಕ್ಕಟೆ. ಟಾಪಿನ ಮೇಲೇರಿದ ನನ್ನ ಸೈಕಲ್ಲಿಗೆ ಮಾತ್ರ ಲಗೇಜಿನ ಚಾರ್ಜು ಬಿತ್ತು. ಕಂಡಕ್ಟರು ಚೀಟಿ ಹರಿದು ಕೊಡುತ್ತ, “ನೋಡ್ರಿ ಬಾಯಾರ, ನಿಮಗಿಂತ ನಿಮ್ಮ ಸೈಕಲ್ಲಿಗೆ ಕಿಮ್ಮತ್ತ ಜಾಸ್ತಿ” ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ನಾನು ಹೊರಟಿದ್ದೇ ಒಂದು ಸೈಕಲ್ಲಿನ ಕಿಮ್ಮತ್ತು ಉಳಿಸುವ ಕೆಲಸಕ್ಕೆ.

ನಿಪ್ಪಾಣಿಯಲ್ಲಿ ನನ್ನ ತಾಯಿಯ ಅಣ್ಣ ಇದ್ದಾನೆ, ಅಣ್ಣಪ್ಪ ಮಾಮಾ. ಎಪ್ಪತ್ತರ ಹತ್ತಿರದ ಮನುಷ್ಯ. ನನಗೆ ಸೈಕಲ್ ಕಲಿಸಿದವನು, ಮಾತು ಕಲಿಸಿದವನೂ ಅವನೇ. ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಅವನು ಸೈಕಲ್ ಮೇಲೆ ಶಿರಗುಪ್ಪಿಯ ತಂಗಿಯ, ಅಂದರೆ ನನ್ನ ಚಿಕ್ಕಮ್ಮನ, ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಹೊಲದಲ್ಲೇ ಉಂಡು ಬರುತ್ತಿದ್ದ. ಈ ವರ್ಷ ಅವನ ಮಗ ಸಂತೋಷ ಅಡ್ಡ ನಿಂತ. ಮಾಮಾ ರಸ್ತೆಯ ಬಲಕ್ಕೆ, ಎದುರು ಬರುವ ಗಾಡಿಗಳ ಮುಖಕ್ಕೆ ಮುಖ ಕೊಟ್ಟು ಹೊಡೆಯುತ್ತಾನೆ. ಮಾರ್ಕೆಟ್ಟಿನಲ್ಲಿ ಒಂದು ರಿಕ್ಷಾಕ್ಕೆ ತಾಗಿ ಬಿದ್ದೂ ಇದ್ದ. ಗುಜರಿಯವನಿಗೆ ಸೈಕಲ್ ಕೊಡುವ ಮಾತು ಮನೆಯಲ್ಲಿ ಆಗಿಹೋಗಿತ್ತು.

ಮಾಮಾ ಸೋಲುವವನಲ್ಲ. “ಸೀದಾ ದಾರೀಲೆ ಹೋಗೂದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಾ ಊರಾಗ ಹಾದ ಹೋಗ್ತೀನಿ. ಸುನಂದಾ ಜೋಡಿ ಬರ್ಲಿ. ಒಂದ ತಪ್ಪ ಆದ್ರ ಅಕಿ ಬಂದ ಹೇಳ್ಲಿ, ಸೈಕಲ್ ನೀ ಒಯ್ಯಿ” ಎಂದು ಮಗನಿಗೆ ಸವಾಲು ಹಾಕಿದ್ದ. ಸುನಂದಾ ಅಂದರೆ ನಾನೇ. ಸಂತೋಷ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: “ಅಕ್ಕಾ, ಖರೇ ಹೇಳಬೇಕ ಮತ್ತ. ಮಾಮಾ ಅಂತ ಮುಚ್ಚಿಟ್ಟಿ ಅಂದ್ರ, ನಾಳೆ ಏನರ ಆದ್ರ ನಿನ್ನ ತಲೀಮ್ಯಾಲ.” ನಾನು ಹೂಂ ಎಂದಿದ್ದೆ. ತಾಲೂಕು ಕಚೇರಿಗೆ ರಜೆ ಬರೆದುಕೊಟ್ಟು ಬಂದಿದ್ದೆ.

ಮರುದಿನ ಬೆಳಿಗ್ಗೆ ಚಳಿ ಚೆನ್ನಾಗಿತ್ತು. ಮಾಮಾ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದ. ತಂಬಾಕಿನ ಗೋದಾಮುಗಳ ಘಾಟು ವಾಸನೆಯ ನಡುವೆ ನಾವು ಹೊರಟೆವು. ಮಿಸಳ್ ತಿಂದು ಎದ್ದ ಹೋಟೆಲಿನಿಂದ ನೂರು ಮಾರು ಹೋಗಿರಲಿಲ್ಲ, ಮಾಮಾ ತನಗೆ ಗೊತ್ತಿಲ್ಲದೆಯೇ ಬಲಕ್ಕೆ ಸರಿದ. ಎದುರಿಗೆ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲಿನವನು ಬ್ರೇಕ್ ಒತ್ತಿ, “ಅಹೋ ಆಜೋಬಾ, ಉಲ್ಟಾ ಕುಠೆ ಚಾಲ್ಲಾ?” ಎಂದು ಮರಾಠಿಯಲ್ಲಿ ಕೂಗಿದ. ಅಜ್ಜಾ, ಉಲ್ಟಾ ಎಲ್ಲಿಗೆ ಹೊಂಟಿ ಎಂದು.

“ತಂಗೀ ಮನಿಗಿ!” ಎಂದು ಮಾಮಾ ಕನ್ನಡದಲ್ಲೇ ಉತ್ತರ ಕೊಟ್ಟ. ಕೊಡುವಾಗ ಎರಡೂ ಕೈ ಹ್ಯಾಂಡಲ್ ಬಿಟ್ಟು ನಮಸ್ಕಾರ ಬೇರೆ ಮಾಡಿದ. ಅದು ಅವನ ಇನ್ನೊಂದು ಚಟ. ಗುರುತಿನವರು ಕಂಡರೆ ಎರಡು ಕೈ ಜೋಡಿಸಬೇಕು. ಒಂದು ಕೈ ಎತ್ತಿದರೆ ಅದು ಮರ್ಯಾದೆ ಅಲ್ಲ ಎಂಬುದು ಅವನ ವಾದ. ನಿಪ್ಪಾಣಿಯಲ್ಲಿ ಅವನಿಗೆ ಗುರುತಿಲ್ಲದವರು ಯಾರು? ಪೇಟೆ ದಾಟುವಷ್ಟರಲ್ಲಿ ಆ ಸೈಕಲ್ಲು ತನ್ನಷ್ಟಕ್ಕೆ ತಾನೇ ಅರ್ಧ ದಾರಿ ಬಂದಿತ್ತು.

ಊರ ಹೊರಗೆ ನಿಂತಾಗ ನಾನು ಕೇಳಿದೆ, “ಮಾಮಾ, ಬಲಕ್ಕ ಯಾಕ ಹೋಗ್ತಿ?”

“ನಿನಗ ಕಲಿಸಿದ್ದ ಮರತೇನ? ಕಬ್ಬಿನ ಸುಗ್ಗಿಯಾಗ ಕಬ್ಬಿನ ಗಾಡಿ ಕಣ್ಣ ಮುಂದ ಬರಬೇಕ, ಬೆನ್ನಹಿಂದ ಬರಬಾರದು.”

ಮರೆತಿರಲಿಲ್ಲ. ನಮ್ಮ ಕಡೆ ಸುಗ್ಗಿ ಶುರುವಾದರೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಕಬ್ಬು ಹೇರುತ್ತಾರೆ. ಗಾಡಿಯ ಅಗಲಕ್ಕಿಂತ ಕಬ್ಬಿನ ಅಗಲ ಹೆಚ್ಚು. ಹಿಂದಿನಿಂದ ಬಂದ ಗಾಡಿಯ ಕಬ್ಬಿನ ತುದಿ ಬೆನ್ನಿಗೆ ಬಡಿದು ಗಟಾರಕ್ಕೆ ಬಿದ್ದವರನ್ನು ನಾನೂ ಕಂಡಿದ್ದೇನೆ. ಅದಕ್ಕೇ ಹಳೆಯ ಸೈಕಲ್ಲಿನವರು ಸುಗ್ಗಿಯ ನಾಲ್ಕು ತಿಂಗಳು ಬಲಕ್ಕೆ ಹೋಗುತ್ತಿದ್ದರು. ಗಾಡಿ ಎದುರಿಗೆ ಕಂಡರೆ ಇಳಿದು ನಿಲ್ಲುತ್ತಿದ್ದರು. ಆಗ ದಾರಿಯಲ್ಲಿ ಕಬ್ಬಿನ ಗಾಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಕಾರು, ಬೈಕು, ಕಾಲೇಜು ಹುಡುಗರ ಸ್ಕೂಟಿ, ಎಲ್ಲವೂ ಇವೆ. ಆದರೂ ಆ ಚಾಳಿ ಹೊಲದ ದಾರಿಯಿಂದ ಪೇಟೆಗೆ, ಪೇಟೆಯಿಂದ ಸರ್ಕಲ್ಲಿಗೆ ಬಂದುಬಿಟ್ಟಿದೆ.

ಚಿಕ್ಕೋಡಿ ಮುಟ್ಟಲು ಮಧ್ಯಾಹ್ನವಾಯಿತು. ಏರು ಬಂದಲ್ಲಿ ಇಬ್ಬರೂ ಇಳಿದು ತಳ್ಳಿದೆವು. ಚಿಕ್ಕೋಡಿಯಲ್ಲಿ ಅಂದು ಕೋರ್ಟಿನ ಕೆಲಸದ ದಿನ. ಕರಿ ಕೋಟಿನವರು, ಕಕ್ಷಿದಾರರು, ಕಾಲೇಜು ಬಿಟ್ಟ ಹುಡುಗಿಯರು, ಕೊಲ್ಹಾಪುರದ ಬಸ್ಸಿಗೆ ಓಡುವವರು, ಎಲ್ಲರೂ ಒಂದೇ ತಿರುವಿನಲ್ಲಿ. ಮೂವರು ಹುಡುಗರು ಮೂರು ಸೈಕಲ್ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ರಸ್ತೆಯಷ್ಟೂ ಅಗಲ ಹರಡಿ ಬರುತ್ತಿದ್ದರು. ಮಾಮಾ ಅವರನ್ನು ತಡೆದು, “ಲೇ, ಒಬ್ಬರ ಹಿಂದ ಒಬ್ಬರ ಹೋಗ್ರೋ! ರಸ್ತಾ ಏನ ನಿಮ್ಮಪ್ಪ ಹಾಸ್ಯಾನ?” ಎಂದು ಬೈದ. ಅವರಲ್ಲೊಬ್ಬ ಥಟ್ಟನೆ, “ಅಜ್ಜಾರ, ನೀವ ಯಾವ ಬದಿಗೆ ನಿಂತೀರಿ ನೋಡ್ಕೋರಿ ಮೊದ್ಲ” ಎಂದ. ಮಾಮಾ ನೋಡಿಕೊಂಡ. ಬಲಕ್ಕೇ ನಿಂತಿದ್ದ. ರಾತ್ರಿ ನಮ್ಮ ಮನೆಯಲ್ಲಿ ಝುಣಕ ರೊಟ್ಟಿ ಉಣ್ಣುವಾಗ ಆ ಮಾತು ನೆನಪಾಗಿ ಮಾಮಾನೇ ನಕ್ಕ. “ಬಾಯಿ ಚುರಕ ಐತಿ ಆ ಹುಡಗಂದು” ಎಂದ. ನಾಳೆಯಿಂದ ಎಡಕ್ಕೇ ಹೋಗುತ್ತೇನೆ ಎಂದು ಮಾತು ಕೊಟ್ಟ.

ಕೊಟ್ಟ ಮಾತು ನಡೆಸಿದ. ಚಿಕ್ಕೋಡಿಯಿಂದ ರಾಯಬಾಗಕ್ಕೆ ಇಡೀ ದಿನ ಎಡ ಅಂಚು ಬಿಡಲಿಲ್ಲ. ಆದರೆ ಅವನು ಅವನಾಗಿರಲಿಲ್ಲ. ಹತ್ತು ಸಲ ತುಳಿದು ಒಂದು ಸಲ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ತಿರುಗಿದಾಗಲೆಲ್ಲ ಸೈಕಲ್ಲೂ ರಸ್ತೆಯ ನಡುವಿಗೆ ತಿರುಗುತ್ತಿತ್ತು. ಹೊಸ ಸೊಸೆ ಮಾವನ ಮನೆಯಲ್ಲಿ ನಡೆದಾಡುವಂತೆ ಅಂಜಿ ಅಂಜಿ ಹೊಡೆದ. ರಾಯಬಾಗದಲ್ಲಿ ದೂರದ ನೆಂಟರ ಮನೆಯಲ್ಲಿ ಉಳಿದೆವು. ದಣಿದಿದ್ದಾನೆ ಎಂದುಕೊಂಡು ನಾನು ಏನೂ ಕೇಳಲಿಲ್ಲ.

ಮೂರನೆಯ ದಿನ ರಾಯಬಾಗ ಬಿಟ್ಟು, ಮುಗಳಖೋಡದ ಮಠದ ಕಡೆಗೆ ಹೋಗುವವರನ್ನು ಅವರ ದಾರಿಗೆ ಬಿಟ್ಟು, ಅಥಣಿಯ ಕಡೆ ತಿರುಗಿದೆವು. ನಾನು ಮಾಮಾನ ಹಿಂದೆ, ಸ್ವಲ್ಪ ಬಲಕ್ಕಿದ್ದೆ. ಹಿಂದಿನಿಂದ ಬಸ್ಸು ಬಂತು. “ಮಾಮಾ, ಬಸ್ಸ ಬಂತು, ಕೆಳಗ ಇಳಿ!” ಎಂದೆ. ಇಳಿಯಲಿಲ್ಲ. ನಾನು ಮಣ್ಣಿಗೆ ಇಳಿದು ಮತ್ತೆ ಕೂಗಿದೆ. ಬಸ್ಸಿನವನು ಹಾರ್ನ್ ಹೊಡೆದ. ಮಾಮಾ ತನ್ನ ಪಾಡಿಗೆ ತಾನು ತುಳಿಯುತ್ತಿದ್ದ. ಬಸ್ಸು ಅವನ ಮೊಣಕೈಯ ಪಕ್ಕಕ್ಕೆ, ಗಾಳಿ ಬಡಿಯುವಂತೆ ಹೋಯಿತು. ಅವನು ಬೆಚ್ಚಿ ಹೊಯ್ದಾಡಿ, ರಸ್ತೆ ಬಿಟ್ಟು ಜೋಳದ ಹೊಲದ ಬದುವಿಗೆ ಹೋಗಿ ನಿಂತ. ಅಲ್ಲಿಂದಲೇ ನನ್ನನ್ನು ಗದರಿಸಿದ.

“ಹೇಳಬಾರದೇನಲೇ ಸುನಂದಾ?”

“ಗಂಟಲ ಹರಿಯೂ ಹಂಗ ಹೇಳಿನಿ ಮಾಮಾ!”

ಅವನು ಮಫ್ಲರನ್ನು ಸರಿ ಮಾಡಿಕೊಂಡ. “ಈ ಹಾಳಾದ್ದ ಮಫ್ಲರು” ಎಂದ.

ಮುಂದೆ ಒಂದು ಚಹದ ಗುಡಿಸಲು ಸಿಕ್ಕಿತು. ಬಿಸಿ ಕಾಂದಾ ಭಜಿ ಕರಿಯುತ್ತಿದ್ದರು. ಬಿಸಿಲೇರಿದ್ದರಿಂದ ಮಾಮಾ ಮಫ್ಲರ್ ಬಿಚ್ಚಿಟ್ಟಿದ್ದ. ನಾನು ಬೇಕೆಂದೇ ಅವನ ಬಲಕ್ಕೆ ಕೂತು, ಮೆಲ್ಲಗೆ, “ಮಾಮಾ, ಇನ್ನೊಂದ ಪ್ಲೇಟ್ ಭಜಿ ಹೇಳ್ಲೇನು?” ಎಂದೆ. ರಸ್ತೆ ನೋಡುತ್ತ ಕೂತಿದ್ದ. ಇನ್ನೊಮ್ಮೆ ಹೇಳಿದೆ. ತಿರುಗಲಿಲ್ಲ. ಅಣ್ಣಪ್ಪ ಮಾಮಾ ಭಜಿ ಬೇಡ ಎಂದದ್ದನ್ನು ನಮ್ಮ ಬಳಗದಲ್ಲಿ ಯಾರೂ ಕೇಳಿಲ್ಲ. ನನಗೆ ಎಲ್ಲ ತಿಳಿಯಿತು.

ಎದ್ದು ಅವನ ಎಡಕ್ಕೆ ಬಂದು ಕೂತು ಕೇಳಿದೆ: “ಯಾವಾಗಿಂದ ಕೇಳಸೂದಿಲ್ಲ, ಆ ಕಿವಿ?”

ಅವನು ಚಹದ ಕಪ್ಪನ್ನು ಕೆಳಗಿಟ್ಟ. “ಹೋದ ಸುಗ್ಗಿಯಿಂದ” ಎಂದ. “ಎಡಕ್ಕ ಹೋದ್ರ ಎಲ್ಲಾ ಗಾಡಿ ಆ ಕಿವಿ ಕಡೆ ಬರ್ತಾವ. ನನಗ ಏನೂ ಗೊತ್ತಾಗೂದಿಲ್ಲ. ಬಲಕ್ಕ ಹೋದ್ರ ಕಣ್ಣಿಗರ ಕಾಣ್ತಾವ.”

“ಸಂತೋಷಗ ಯಾಕ ಹೇಳಲಿಲ್ಲ?”

“ಸೊಕ್ಕಿನ ಮುದುಕ ಅಂದ್ರ ಅಂವಾ ಜಗಳಾ ತಗೀತಾನ, ಆದ್ರ ಸೈಕಲ್ ಉಳೀತೈತಿ. ಕಿವುಡ ಮುದುಕ ಅಂದ್ರ ಜಗಳಾನೂ ಇಲ್ಲ, ಸೈಕಲ್ಲೂ ಇಲ್ಲ.” ನನ್ನ ಕೈ ಮೇಲೆ ಕೈ ಇಟ್ಟ. “ನೀ ಹೇಳಬ್ಯಾಡವಾ.”

ನಾನು ಎದ್ದು ಇನ್ನೊಂದು ಪ್ಲೇಟ್ ಹೇಳಿದೆ. ಎರಡನೆಯ ಪ್ಲೇಟ್ ಭಜಿ ಬಂತು, ಇಬ್ಬರೂ ತಿಂದೆವು. ಉಳಿದ ದಾರಿಯಷ್ಟೂ ನಾನು ಅವನ ಹಿಂದೆ, ರಸ್ತೆಯ ಕಡೆಗೆ ಗೋಡೆಯಂತೆ ಸೈಕಲ್ ಹೊಡೆದೆ. ಕೃಷ್ಣೆಯ ಸೇತುವೆಯ ಮೇಲೆ ಇಳಿದು ನಿಂತಾಗ ನೀರು ತುಂಬಿ ನಿಧಾನ ಹರಿಯುತ್ತಿತ್ತು. ಮಾಮಾ ಎಡಗಿವಿಯನ್ನು ನದಿಯ ಕಡೆ ಮಾಡಿ ನಿಂತಿದ್ದ. ಆಗ ಸೇತುವೆಯ ಮೇಲೆ ಒಂದು ಟ್ರ್ಯಾಕ್ಟರ್ ನಮ್ಮ ಪಕ್ಕ ಹಾದುಹೋಯಿತು. ಡ್ರೈವರನು ಸ್ಪೀಕರಿನಲ್ಲಿ ಹಾಡು ಹಚ್ಚಿದ್ದ, ಹಿಂದಿನದು ಏನೂ ಕೇಳುವ ಹಾಗಿರಲಿಲ್ಲ. ಆದರೂ ಅವನು ಆಗಾಗ ಪಕ್ಕದ ಕನ್ನಡಿಯೊಳಗೆ ಕಣ್ಣಾಡಿಸುತ್ತ ಆರಾಮಾಗಿ ಹೊರಟಿದ್ದ. ನಾನು ಮಾಮಾನ ಮುಖ ನೋಡಿದೆ. ಅವನೂ ಆ ಕನ್ನಡಿಯನ್ನೇ ನೋಡುತ್ತಿದ್ದ.

ಅಥಣಿಗೆ ಮುಟ್ಟಿದವರು ಚಪ್ಪಲಿಯ ಅಂಗಡಿಗಳ ಚರ್ಮದ ವಾಸನೆ ಹಿಡಿದು ಪೇಟೆಗೆ ನಡೆದೆವು. ಲಾಜಿನ ಕೋಣೆ ಹಿಡಿಯುವ ಮೊದಲೇ ಒಂದು ಬೈಕಿನ ಸಾಮಾನಿನ ಅಂಗಡಿ ಹೊಕ್ಕೆವು. ಮಾಮಾ ಕನ್ನಡಿ ಕೇಳಿದ. ಅಂಗಡಿಯವನು, “ಯಾವ ಗಾಡಿಗ್ರಿ ಅಜ್ಜಾರ?” ಎಂದ. ಮಾಮಾ ಹೊರಗೆ ಗೋಡೆಗೆ ಒರಗಿದ್ದ ಸೈಕಲ್ಲು ತೋರಿಸಿದ.

“ಲಗ್ನಾ ಮಾಡ್ಕೊಳ್ಳಾಕ ಹೊಂಟೀರೇನ್ರಿ? ಮಾರಿ ನೋಡ್ಕೊಳ್ಳಾಕ ಕನ್ನಡಿ ಬೇಕಂತೀರಿ!”

“ನನ್ನ ಮಾರಿ ನಾ ಯಾಕ ನೋಡ್ಲಿ? ಬೆನ್ನ ಹಿಂದ ಬರೋರ ಮಾರಿ ನೋಡ್ಬೇಕ. ಬಲಕ್ಕ ಹಾಕು, ಗಟ್ಟಿ ಹಾಕು.”

ದುಂಡನೆಯ ಕನ್ನಡಿ ಹ್ಯಾಂಡಲಿನ ಬಲಕ್ಕೆ ಕೂತಿತು. ಮರುದಿನ ಬೆಳಿಗ್ಗೆ ಅಥಣಿಯ ಸರ್ಕಲ್ಲಿನಲ್ಲಿ ಅದರ ಮೊದಲ ಪರೀಕ್ಷೆ. ಸಂತೆಗೆ ಬಂದ ಟಂಟಂ ರಿಕ್ಷಾ, ಕಾಯಿಪಲ್ಯೆಯ ಕೈಗಾಡಿ, ಅಡ್ಡ ನಿಂತ ಎಮ್ಮೆ. ಮಾಮಾ ಎಡಕ್ಕಿದ್ದ. ಕನ್ನಡಿಯಲ್ಲಿ ನೋಡಿದ, ಬಲಗೈ ಚಾಚಿದ, ಹಿಂದಿನ ಲಾರಿ ನಿಲ್ಲುವವರೆಗೆ ಕಾದ, ತಿರುಗಿದ. ಅಷ್ಟು ಸಲೀಸಾಗಿ ತಿರುಗಿದ್ದನ್ನು ನೋಡಿ ನನಗೆ ಸೀಟಿ ಹೊಡೆಯಬೇಕೆನ್ನಿಸಿತು. ಆ ಕಡೆ ಮುಟ್ಟಿ ಅವನು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ, “ಏನ್ ಅಲ್ಲೇ ನಿಂತೀ? ಬಾ ಬಾ!” ಎಂದ. ಮೂರು ದಿನದ ಹಿಂದಿನ ಮಾಮಾ ಮರಳಿ ಬಂದಿದ್ದ.

ಕಾಗವಾಡದ ದಾರಿಯಲ್ಲಿ ದ್ರಾಕ್ಷಿ ತೋಟಗಳು, ನಡುವೆ ಕಬ್ಬು. ಹಿಂದಿನಿಂದ ಎರಡು ಟ್ರೇಲರಿನ ಗಾಡಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಕೈ ಎತ್ತಿ ನನಗೆ ಸನ್ನೆ ಮಾಡಿ, ಮಣ್ಣಿಗೆ ಇಳಿದು, ಸೈಕಲ್ ಹಿಡಿದು ನಿಂತ. ಕಬ್ಬಿನ ಗರಿಗಳು ನಮ್ಮ ಮುಂದೆ ರಪರಪನೆ ಹಾದುಹೋದವು. “ಈಗ ಬೆನ್ನಹಿಂದ ಬಂದ್ರೂ ಕಣ್ಣ ಮುಂದ ಬಂದಂಗನ” ಎಂದ.

ಶಿರಗುಪ್ಪಿಯ ಚಿಕ್ಕಮ್ಮನ ಹೊಲದಲ್ಲಿ ಬುತ್ತಿಗಳು ಬಿಚ್ಚುವ ಹೊತ್ತಿಗೆ ಸಂತೋಷ ಟೆಂಪೊ ತಂದಿದ್ದ. ಅಪ್ಪ ಸೋತರೆ ಸೈಕಲ್ ಹೇರಿಕೊಂಡು ಹೋಗಲು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲರ ಮುಂದೆ. ಸಂತೋಷ ಉಣ್ಣಲಿಲ್ಲ. ಅಪ್ಪನ ಬಲಕ್ಕೆ ನಿಂತು ನನ್ನನ್ನು ಕೇಳಿದ: “ಹೇಳ ಅಕ್ಕಾ. ಖರೇ ಹೇಳು.”

ನಾನು ತುತ್ತು ಕೆಳಗಿಟ್ಟೆ. ಹೇಳಲೇಬೇಕೆಂದು ಕೃಷ್ಣೆಯ ಸೇತುವೆಯ ಮೇಲೇ ನಿಶ್ಚಯಿಸಿದ್ದೆ. ಹೇಗೆ ಹೇಳುವುದು ಎಂಬುದನ್ನು ಮಾತ್ರ ನಿಶ್ಚಯಿಸಿರಲಿಲ್ಲ. “ನಿಪ್ಪಾಣ್ಯಾಗ ಬಲಕ್ಕ ಹೋದ. ರಾಯಬಾಗ ದಾಟಿದ ಮ್ಯಾಲ ಬಸ್ಸಿಗೆ ಸಿಗತಿದ್ದ” ಎಂದು ಶುರು ಮಾಡಿದೆ. ಮುಂದಿನ ಮಾತಿಗೆ ಮಾಮಾನ ಕಡೆ ನೋಡಿದೆ.

ಮಾಮಾ ತಲೆ ಎತ್ತಿದ. “ಸಂತ್ಯಾ, ಈ ಕಡೆ ಬಂದ ನಿಂತ ಮಾತಾಡು. ಆ ಕಡೀ ಕಿವಿ ನನಗ ಕೇಳಸೂದಿಲ್ಲ.”

ಸಂತೋಷ ಸುತ್ತಿ ಬಂದು ಅಪ್ಪನ ಎಡಕ್ಕೆ ಕುಕ್ಕರುಗಾಲಿನಲ್ಲಿ ಕೂತ. “ಮತ್ತ ನಾ ಇಷ್ಟ ದಿನಾ ಬೈದದ್ದು?”

“ಅರ್ಧಾನ ಕೇಳೇತಿ. ಪುಣ್ಯಾಕ.”

ಚಿಕ್ಕಮ್ಮ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂತೋಷ ಎದ್ದು ಹೋಗಿ ಸೈಕಲ್ ಹತ್ತಿ, ಹೊಲದ ಬಂಡಿದಾರಿಯಲ್ಲಿ ಕನ್ನಡಿ ನೋಡುತ್ತ ಒಂದು ಸುತ್ತು ಹೊಡೆದ. ಬಂದವನೇ, “ಎಡಕ್ಕೂ ಒಂದ ಹಾಕಸೂಣು. ಸೋಮವಾರ ಮೀರಜಿನ ದವಾಖಾನಿಗೆ ಹೋಗಿ ಕಿವಿ ತೋರಸೂಣು. ಅಲ್ಲೀಮಟ ಪ್ಯಾಟ್ಯಾಗ ಇಳದ ತಳ್ಳಕೊಂಡ ಹೋಗಬೇಕ” ಎಂದ. ಮಾಮಾ ತಳ್ಳುವ ಮಾತಿಗೆ ಮುಖ ಗಂಟಿಕ್ಕಿದ. ಆದರೆ ಒಪ್ಪಿದ. ಟೆಂಪೊ ಖಾಲಿ ಹೋಗುವುದು ಬೇಡವೆಂದು ನನ್ನ ಸೈಕಲ್ಲನ್ನು ಹೇರಿ ಕಳಿಸಿದೆವು.

ಮರುದಿನ ಕಾಗವಾಡದ ನಿಲ್ದಾಣಕ್ಕೆ ಮಾಮಾ ತನ್ನ ಸೈಕಲ್ ಮೇಲೆ ನನ್ನನ್ನು ಬಿಡಲು ಬಂದ. ಚಿಕ್ಕೋಡಿಯ ಬಸ್ಸು ಹತ್ತಿಸಿ, ತಾನು ಮೊದಲೇ ಹೊರಟ. ಪೇಟೆ ಮುಗಿಯುವ ತನಕ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತಿದ. ಊರ ಹೊರಗೆ ನಮ್ಮ ಬಸ್ಸು ಅವನ ಹಿಂದೆ ಬಂತು. ಡ್ರೈವರು ಹಾರ್ನಿಗೆ ಕೈ ಹಾಕಿದ್ದ. ಒತ್ತುವ ಮೊದಲೇ ಸೈಕಲ್ಲು ಎಡಕ್ಕೆ ಸರಿಯಿತು.

“ಶಾಣ್ಯಾ ಅದಾನ ಅಜ್ಜಾ” ಎಂದ ಡ್ರೈವರು.

ನಾನು ಕಿಟಕಿಯಿಂದ ಕೈ ಬೀಸಿದೆ. ಮಾಮಾ ತಿರುಗಿ ನೋಡಲಿಲ್ಲ. ಕನ್ನಡಿಯೊಳಗೇ ನನ್ನನ್ನು ಕಂಡು ಕೈ ಎತ್ತಿದ. ಒಂದೇ ಕೈ. ಇನ್ನೊಂದು ಕೈ ಹ್ಯಾಂಡಲಿನ ಮೇಲೆ ಗಟ್ಟಿಯಾಗಿತ್ತು.