ಅಟ್ಟಕ್ಕೆ ಹಾಕಿದ ಹಾಡುಗಳು

ರೇಡಿಯೋದಲ್ಲಿ ನನ್ನ ಹೆಸರು ಹೇಳಿದ ದಿನ ನಾನು ಒಂದು ಮಾತು ಆಡಬೇಕಿತ್ತು. ಇದು ನನ್ನದಲ್ಲ, ಅಕ್ಕನದು ಅನ್ನಬೇಕಿತ್ತು. ಆಡಲಿಲ್ಲ. ನಮ್ಮ ಜಗಲಿಯ ಮೇಲೆ ಹದಿನೈದಿಪ್ಪತ್ತು ಜನ ಕೂತಿದ್ದರು. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ನೆಲ ನೋಡುತ್ತಾ ಕೂತುಬಿಟ್ಟೆ. ಅದಾಗಿ ಮೂವತ್ತು ವರ್ಷದ ಮೇಲಾಯಿತು.

ಹೋದ ತಿಂಗಳು ಅಟ್ಟ ಖಾಲಿ ಮಾಡಿಸಿದೆ. ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳಿಗೆ ಹುಳ ಬಿದ್ದಿತ್ತು, ಬದಲಾಯಿಸಬೇಕಿತ್ತು. ಕೊಬ್ಬರಿ ಅಟ್ಟದ ವಾಸನೆ ಒಂದು ಥರ... ಒಣಗಿದ ಸಿಪ್ಪೆ, ಧೂಳು, ಇಲಿ, ಎಲ್ಲೋ ಒಂದು ಕಾಯಿ ಒಡೆದು ಸೋರಿ ಕಮಟು ಹಿಡಿದ ಎಣ್ಣೆ. ಹಳೇ ದಬ್ಬೆಯೊಂದನ್ನು ಎಬ್ಬಿಸಿದಾಗ ಸಂದಿಯಲ್ಲಿ ಬೆರಳುದ್ದದ ಕಾಗದದ ಚೂರು ಸಿಕ್ಕಿತು. ಕ್ಯಾಲೆಂಡರ್ ಹಾಳೆಯಿಂದ ಕತ್ತರಿಸಿದ್ದು. ಒಂದು ಕಡೆ ಎರಡು ತಾರೀಖುಗಳು ಕಾಣುತ್ತಿದ್ದವು. ಇನ್ನೊಂದು ಕಡೆ ಪೆನ್ನಿನಲ್ಲಿ ಬರೆದದ್ದು ಎಣ್ಣೆ ಕುಡಿದು ನೀಲಿ ಮಚ್ಚೆಯಾಗಿತ್ತು. ಒಂದಕ್ಷರವೂ ಓದಲಾಗಲಿಲ್ಲ. ಆದರೂ ಅದು ಏನು, ಯಾರು ಬರೆದದ್ದು ಎಂದು ಗೊತ್ತಾಯಿತು. ಏಣಿಯ ಮೇಲೇ ಸುಮಾರು ಹೊತ್ತು ಕೂತಿದ್ದೆ. ಕೆಳಗಿನಿಂದ ಕೆಲಸದವರು ಏನಾಯಿತು ಅಂತ ಕೂಗಿದರು. ಕಣ್ಣಿಗೆ ಧೂಳು ಬಿತ್ತು ಅಂದೆ.

ನಮ್ಮದು ದಬ್ಬೇಘಟ್ಟದ ಪಕ್ಕದ ಹಳ್ಳಿ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ನಾನು ಏಳನೆಯದಕ್ಕೇ ನಿಂತವನು. ಅವಳಿಗೆ ರೇಡಿಯೋ ಅಂದರೆ ಪ್ರಾಣ. ಅದರಲ್ಲೂ ಕಾಲದ ಮೇಲಿನ ಹಾಡುಗಳು ಅಂದರೆ ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಹೋದ ದಿನಗಳು ಬರುವುದಿಲ್ಲ ಎನ್ನುವ ಹಾಡು, ನಾಳೆಯನ್ನು ಕರೆಯುವ ಹಾಡು, ಸಂಜೆ ಇಳಿಯುವುದನ್ನೇ ನೋಡುತ್ತಾ ಕೂತವರ ಹಾಡು... ಎಲ್ಲ ಸಿನಿಮಾ ಹಾಡುಗಳೇ, ಎಲ್ಲರ ಬಾಯಲ್ಲೂ ಇದ್ದವೇ. ಆದರೆ ಅವೆಲ್ಲ ಒಂದೇ ಮಾತಿನ ಸುತ್ತ ಇವೆ ಎಂದು ನಮ್ಮೂರಲ್ಲಿ ಕಂಡುಕೊಂಡವಳು ಅವಳೊಬ್ಬಳೇ.

ಅವಳ ಪದ್ಧತಿ ವಿಚಿತ್ರವಾಗಿತ್ತು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು, ವರ್ಷ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅಂದರೆ ಆಯಿತು ಅಂತ. ಬುಳಕ್ ಅಂದರೆ ಇನ್ನೂ ನೀರಿದೆ ಅಂತ. ಆತುರಕ್ಕೆ ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಅಕ್ಕ ತನ್ನ ಹಾಡುಗಳನ್ನೂ ಹಾಗೆಯೇ ಅಟ್ಟಕ್ಕೆ ಹಾಕುತ್ತಿದ್ದಳು. ಇಷ್ಟವಾದ ಹಾಡಿನ ಮೊದಲ ಸಾಲನ್ನು ಕ್ಯಾಲೆಂಡರ್ ಚೂರಿನ ಮೇಲೆ ಬರೆದು ಕಾಯಿಗಳ ನಡುವೆ ಸಿಕ್ಕಿಸಿ ಮರೆತುಬಿಡುವುದು. ಮರುವರ್ಷ ಕಾಯಿ ಇಳಿಸುವಾಗ ಚೀಟಿ ಸಿಗುತ್ತಿತ್ತು. ಅಷ್ಟು ದಿನದಲ್ಲಿ ಆ ಹಾಡು ತಾನಾಗಿ ಬಾಯಿಗೆ ಬರುತ್ತಿದ್ದರೆ ಪುಸ್ತಕಕ್ಕೆ ಸೇರಿಸುವಳು. ಮರೆತಿದ್ದರೆ ಚೀಟಿ ಒಲೆಗೆ.

“ನೋಡೋ, ಇದು ಬರೀ ನೀರು,” ಎಂದು ನಗುತ್ತಾ ಒಲೆಗೆ ಹಾಕುತ್ತಿದ್ದಳು.

ಹೀಗೆ ನಾಲ್ಕು ವರ್ಷದಲ್ಲಿ ಉಳಿದವು ಹನ್ನೆರಡು ಹಾಡು. ಯಾವುದಾದ ಮೇಲೆ ಯಾವುದು ಎಂಬುದಕ್ಕೂ ಅವಳಲ್ಲಿ ಲೆಕ್ಕಾಚಾರವಿತ್ತು. ಬೆಳಗಿನ ಹಾಡಿನಿಂದ ಶುರುವಾಗಿ ವಯಸ್ಸು ಏರಿದಂತೆ ಹಾಡು ಸಾಗಬೇಕು. ಕೊನೆಯದು ಮಾತ್ರ ಅಲ್ಲಿ ಯಾಕೆ ಬಂತೋ ಎಂದು ನನಗೆ ಅನ್ನಿಸಿದ್ದುಂಟು. ಅದು ಯಾವ ಹಾಡು ಎಂದು ಈಗ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಇಲ್ಲ.

ಆಗ ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಒಂದು ಗಂಟೆಯ ಕಾರ್ಯಕ್ರಮ ಬರುತ್ತಿತ್ತು. ಕೇಳುಗರೇ ಒಂದು ವಿಷಯ ಹಿಡಿದು ಹಾಡುಗಳನ್ನು ಆರಿಸಿ ಕಾಗದ ಬರೆದರೆ, ಆ ಕಾಗದ ಓದಿ ಹಾಡು ಹಾಕುತ್ತಿದ್ದರು. ಅಕ್ಕ ತನ್ನ ಹನ್ನೆರಡನ್ನೂ ಎರಡು ಹಾಳೆಯಲ್ಲಿ ಬರೆದು, ಪ್ರತಿ ಹಾಡಿಗೂ ಎರಡೆರಡು ಸಾಲು ಕಾರಣ ಬರೆದು, ತುರುವೇಕೆರೆಗೆ ಹೋದಾಗ ಪೋಸ್ಟ್ ಮಾಡು ಅಂತ ನನ್ನ ಕೈಗೆ ಕೊಟ್ಟಳು. ಆಗ ನನಗೆ ಹದಿನೇಳು. ದಿನಾ ಕೊಬ್ಬರಿ ಮೂಟೆಯ ಜೊತೆ ಟೆಂಪೋದಲ್ಲಿ ಹೋಗುತ್ತಿದ್ದೆ. ಕವರು ಅಂಟಿಸಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಒಂದು ಮುಳ್ಳು ನಾಲ್ಕು ವರ್ಷದಿಂದ ಕೂತಿತ್ತು. ಏಳನೇ ಕ್ಲಾಸಿನಲ್ಲಿ ನಾನು ತಿಂಗಳುಗಟ್ಟಲೆ ಸ್ಕೂಲು ತಪ್ಪಿಸಿ ತುರುವೇಕೆರೆ ಬಸ್‌ ಸ್ಟ್ಯಾಂಡ್ ಹಿಂದಿನ ಮೈಕ್ ಸೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ಅಂಗಡಿಯ ಸಾಬರು ಮದುವೆಗಳಿಗೆ ಹಾಡು ಹಾಕುವವರು. ಇದು ಮನೆಯಲ್ಲಿ ಅಕ್ಕನೊಬ್ಬಳಿಗೇ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಳು. ಒಂದು ದಿನ ಅಪ್ಪ ಅಂಗಡಿಗೇ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮರುದಿನ ಪುಸ್ತಕದ ಚೀಲ ಮೂಲೆಗೆ ಹೋಯಿತು, ನಾನು ಕಾಯಿ ಸುಲಿಯಲು ನಿಂತೆ. ಯಾರು ಹೇಳಿದರು ಎಂದು ಅಪ್ಪ ಬಾಯಿ ಬಿಡಲಿಲ್ಲ. ನಾನು ಕೇಳಲೂ ಇಲ್ಲ. ಗೊತ್ತಿದ್ದವಳು ಒಬ್ಬಳೇ ತಾನೇ? ಆಣೆ ಮಾಡಿದ ಕೈಯಲ್ಲೇ ಕತ್ತು ಕೊಯ್ದಳು ಅಂದುಕೊಂಡೆ. ಅವಳು ತಟ್ಟೆಗೆ ಮುದ್ದೆ ಹಾಕಿದಾಗಲೆಲ್ಲ ಅದೇ ನೆನಪಾಗುತ್ತಿತ್ತು. ಅವಳಂತೂ ಏನೂ ಆಗಿಲ್ಲದವಳಂತೆ ನನ್ನನ್ನು ರೇಗಿಸಿಕೊಂಡು, ನಗಿಸಿಕೊಂಡು ಇದ್ದಳು. ಎಂಥಾ ನಾಟಕ ಅನ್ನಿಸುತ್ತಿತ್ತು.

ಆ ಕಾಗದವನ್ನು ನಾನು ಪೋಸ್ಟ್ ಮಾಡಲಿಲ್ಲ. ಒಂದು ಇನ್‌ಲ್ಯಾಂಡ್ ಲೆಟರ್ ಕೊಂಡು, ಎರಡು ಮಧ್ಯಾಹ್ನ ಅಟ್ಟದ ಮೇಲೆ ಕೂತು ಅವಳು ಬರೆದದ್ದನ್ನು ನೋಡಿ ನೋಡಿ ನಕಲು ಮಾಡಿದೆ. ನನ್ನವು ದಪ್ಪ ದಪ್ಪ ಅಕ್ಷರ. ಅವಳ ಕಾರಣಗಳನ್ನು ಅರ್ಧಕ್ಕರ್ಧ ಬಿಟ್ಟರೂ ಹನ್ನೊಂದನೆಯ ಹಾಡು ಮುಗಿಯುವಾಗ ಬೆರಳಗಲ ಜಾಗ ಉಳಿದಿತ್ತು. ಅಷ್ಟರಲ್ಲಿ ಒಂದು ಹಾಡು ಹಿಡಿಯುತ್ತಿತ್ತು, ಇಲ್ಲವೇ ಒಂದು ಹೆಸರು. ನಾನು ನನ್ನ ಹೆಸರು ಬರೆದೆ. ಅವಳ ಎರಡು ಹಾಳೆ ನೀರೊಲೆಗೆ ಹೋಯಿತು.

ತಿಂಗಳ ಮೇಲೆ ಒಂದು ಭಾನುವಾರ ಕಾರ್ಯಕ್ರಮದ ಕೊನೆಯಲ್ಲಿ, ಮುಂದಿನ ವಾರ ತುರುವೇಕೆರೆ ತಾಲ್ಲೂಕಿನ ಕೇಳುಗರೊಬ್ಬರು ಆರಿಸಿದ ಕಾಲದ ಹಾಡುಗಳು ಬರುತ್ತವೆ ಎಂದರು. ಅಕ್ಕ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಕೊಬ್ಬರಿ ಚಿಪ್ಪು ಬಿಡಿಸಲು ಬರುತ್ತಿದ್ದ ಹೆಂಗಸರಿಗೆಲ್ಲ, ನಂದು ಬತ್ತದೆ, ಬನ್ನಿ ಕೇಳಕ್ಕೆ ಅಂತ ಹೇಳಿದಳು. ಹುರಿಗಾಳು ಮಾಡಿದಳು. ನನಗೆ ತಡೆಯಲು ಏಳು ದಿನ ಇದ್ದವು. ಏಳು ದಿನವೂ ಕಾಯಿ ಸುಲಿದೆ.

ಭಾನುವಾರ ಎಲ್ಲ ಬಂದರು. ಅಪ್ಪನೂ ಬಂದು ಕೂತರು. ರೇಡಿಯೋದ ಹೆಣ್ಣುಮಗಳು ಚೆಂದವಾಗಿ ಪೀಠಿಕೆ ಹಾಕಿ, ಊರಿನ ಹೆಸರು ಹೇಳಿ, ನನ್ನ ಹೆಸರು ಹೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಕ್ಕನ ಕಡೆ ನೋಡಲಿಲ್ಲ, ಆದರೆ ಹುರಿಗಾಳಿನ ತಟ್ಟೆ ಹಿಡಿದಿದ್ದ ಅವಳ ಕೈ ಕಂಡಿತು. ತಟ್ಟೆ ಅಲ್ಲಾಡಲಿಲ್ಲ. ಅದೇ ಈಗಲೂ ಕಣ್ಣಿಗೆ ಕಟ್ಟಿದೆ.

ಚಿಪ್ಪು ಬಿಡಿಸುವವಳೊಬ್ಬಳು, “ಏನವ್ವಾ, ತಮ್ಮಂದನ್ನ ನಂದು ಅಂತ ಹೇಳ್ಕೊಂಡ್ ತಿರುಗ್ತಿದ್ಯಲ್ಲ,” ಎಂದಳು. ಉಳಿದವರು ನಕ್ಕರು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. ಸ್ಕೂಲು ಬಿಡಿಸಿದ ದಿನದಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅಕ್ಕ ಅದನ್ನು ನೋಡಿದಳು. ಬಾಯಿ ತೆರೆದವಳು ಮುಚ್ಚಿಕೊಂಡು, ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯುತ್ತಾ ಹೋದಳು. ನನ್ನ ಮುಂದೆಯೂ ಹಿಡಿದಳು. ನಾನು ತೆಗೆದುಕೊಂಡೆ.

ಮರುದಿನ ನಾನು ಅಟ್ಟದ ಮೇಲಿದ್ದಾಗ ಏಣಿ ಹತ್ತಿ ಬಂದಳು.

“ಹನ್ನೆರಡನೇದು ಎಲ್ಲೋ?”

ಜಾಗ ಸಾಲಲಿಲ್ಲ ಅಂದೆ.

“ನಿನ್ ಹೆಸರಿಗೆ ಜಾಗ ಇತ್ತಲ್ಲ.”

ನಾನು ಸಿಟ್ಟಿನಲ್ಲಿ, ನೀನು ಅಪ್ಪನಿಗೆ ಚಾಡಿ ಹೇಳಿದವಳಲ್ಲವಾ ಎಂದು ಕೇಳಿದೆ. “ನಾನಾ?” ಎಂದಳು. ನಾನು ನಂಬಲಿಲ್ಲ. ಮೇಲಿನಿಂದ ಎರಡು ಮೆಟ್ಟಿಲು ಇಳಿದವಳು ನಿಂತು, “ಅದಿಲ್ದೆ ಅದು ಮುಗಿಯಲ್ಲ ಕಣೋ,” ಎಂದು ಇಳಿದು ಹೋದಳು. ಆ ವರ್ಷ ಕಾಯಿ ಅಟ್ಟಕ್ಕೆ ಹಾಕುವಾಗ ಚೀಟಿ ಇಡಲಿಲ್ಲ. ಮತ್ತೆ ಯಾವತ್ತೂ ಇಡಲಿಲ್ಲ. ಹಾಡಿನ ಆ ಪುಸ್ತಕವೂ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಊರಲ್ಲಿ ಅವಳು ಏನಾದರೂ ಹೇಳಿದರೆ, ನಿಜಾನೇನವ್ವಾ ಎಂದು ಕೇಳಿ ನಗುವುದು ವಾಡಿಕೆಯಾಯಿತು. ಕಂದಿಕೆರೆ ಕಡೆಗೆ ಮದುವೆಯಾಗಿ ಹೋಗುವ ತನಕ ಅವಳು ಅದನ್ನು ಕೇಳಿಸಿಕೊಂಡಳು.

ನನಗೋ ಒಳ್ಳೆಯದೇ ಆಯಿತು. ಆ ಭಾನುವಾರ ಸಾಬರೂ ರೇಡಿಯೋ ಕೇಳಿದ್ದರು. ಹಾಡು ಬಲ್ಲ ಹುಡುಗ ಅಂತ ಅಪ್ಪನನ್ನು ಒಪ್ಪಿಸಿ ನನ್ನನ್ನು ಅಂಗಡಿಗೆ ಸೇರಿಸಿಕೊಂಡರು. ಇವತ್ತಿಗೂ ನನ್ನದು ಅದೇ ಕಸುಬು. ಮದುವೆ ಮನೆಗಳಲ್ಲಿ ವಯಸ್ಸಾದವರು, ಆ ಕಾಲದ ಹಾಡುಗಳನ್ನ ಹಾಕ್ರೀ, ನಿಮ್ಮವು, ಅನ್ನುತ್ತಾರೆ. ಹಾಕುತ್ತೇನೆ. ಅಕ್ಕನ ಮದುವೆಯಲ್ಲೂ ಮೈಕ್ ನನ್ನದೇ. ಯಾವ ಹಾಡು ಹಾಕಲಿ ಎಂದು ಕೇಳಿದ್ದೆ. “ಯಾವುದಾದ್ರೂ ಹಾಕು ಬುಡು,” ಎಂದಿದ್ದಳು.

ಮೂರು ವರ್ಷದ ಕೆಳಗೆ ಸಾಬರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಹಳೆಯದೆಲ್ಲ ಮಾತಾಡುತ್ತಾ ಅವರೇ ಅಂದರು, “ನಿಮ್ಮಪ್ಪಂಗೆ ಹೇಳ್ದೋನು ನಾನೇ ಕಣಪ್ಪ. ಓದೋ ಮಗ ಹಾಳಾಯ್ತದಲ್ಲ ಅಂತ. ಅವ್ರು ಸ್ಕೂಲೇ ಬಿಡಿಸ್ತಾರೆ ಅಂತ ನಂಗೇನ್ ಗೊತ್ತು.” ಅವರ ಪಾಲಿಗೆ ಅದು ಹಳೇ ತಮಾಷೆ. ನಾನು ಹೊರಗೆ ಬಂದು ಬೈಕಿನ ಮೇಲೆ ಕೂತು ಕೀಲಿ ಹಾಕುವುದನ್ನೇ ಮರೆತೆ. ನನಗೆ ಮೋಸವಾಗಿದೆ ಎಂದು ನಂಬಿಕೊಂಡು ಮೋಸ ಮಾಡಿದ್ದೆ. ಅತ್ತ ಕಡೆ ಮೋಸವೇ ಇರಲಿಲ್ಲ... 

ಅದೇ ವಾರ ಕಂದಿಕೆರೆಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದದ್ದು. ಅಕ್ಕ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿ ಆರಿಸುತ್ತಿದ್ದಳು. ಬಡವಾಗಿದ್ದಳು. ಮಜ್ಜಿಗೆ ಕೊಟ್ಟು, ಏನೋ ಹೇಳಲು ಬಂದಂತಿದೆಯಲ್ಲ ಎಂದು ಅವಳೇ ಕೇಳಿದಳು. ಈ ಕಡೆ ಬಂದಿದ್ದೆ, ಸುಮ್ಮನೆ ಬಂದೆ ಅಂದೆ. ಕೈಗೆ ಕೆಲಸವಿಲ್ಲದೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಬುಳಕ್ ಅಂದಿತು. ಅವಳು ನನ್ನ ಮುಖ ನೋಡಿದಳು.

“ಇನ್ನೂ ಆಗಿಲ್ಲ. ಇಟ್ಬುಡು,” ಎಂದಳು.

ಇಟ್ಟೆ. ಆಮೇಲೆ ನನಗೆ ಸಮಯ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಮಯ ಇತ್ತು. ಅವಳು ಆಸ್ಪತ್ರೆಯಲ್ಲಿದ್ದಾಗಲೂ ನಾಲ್ಕು ಸಲ ಹೋಗಿದ್ದೆ. ಅವಳು ಹೋಗಿ ಈಗ ಹತ್ತಿರ ಹತ್ತಿರ ಒಂದು ವರ್ಷ.

ಮೊನ್ನೆ ಅವಳ ಮಗಳು ವರ್ಷದ ಕಾರ್ಯಕ್ಕೆ ಕರೆಯಲು ಬಂದಿದ್ದಳು. ಊಟವಾದ ಮೇಲೆ ಹೊಸ ಅಟ್ಟದ ಕೆಳಗೆ ಇಬ್ಬರೇ ಕೂತಿದ್ದೆವು. ಕೊಬ್ಬರಿಯ ಜೊತೆ ಕೊಟ್ಟು ಕಳಿಸಲು ಬಾಳೆಕಾಯಿ ಕಟ್ಟುತ್ತಿದ್ದೆ. ಅವಳು ಫೋನು ತೆಗೆದು, ಒಂದು ಪ್ಲೇಲಿಸ್ಟ್ ಮಾಡಿದ್ದೇನೆ, ಅಮ್ಮನಿಗೆ ಇಷ್ಟವಾದ ಹಾಡುಗಳು, ಕಾರ್ಯದ ದಿನ ಮೆಲ್ಲಗೆ ಹಾಕೋಣವಾ ಎಂದಳು. ಪರದೆಯ ಮೇಲೆ ಹೆಸರು ಕೊಟ್ಟಿದ್ದಳು: ‘ಮಾವನ ಹಾಡುಗಳು’.

“ಅಮ್ಮ ಯಾವಾಗ್ಲೂ ಹೇಳೋರು ಮಾವ, ಇದು ನಿಮ್ಮ ಮಾವ ಆರಿಸಿದ್ದು, ರೇಡಿಯೋದಲ್ಲಿ ಬಂದಿತ್ತು ಅಂತ.”

ತನ್ನ ಮಗಳಿಗೂ ಹೇಳಿರಲಿಲ್ಲ. ನನ್ನ ಸುಳ್ಳನ್ನು ನನಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಳು.

ಹಾಡುಗಳು ಶುರುವಾದವು. ಬೆಳಗಿನದು, ನಾಳೆಯದು, ಸಂಜೆಯದು... ರೇಡಿಯೋದಲ್ಲಿ ಬಂದ ವರಸೆಯಲ್ಲೇ. ನಾನು ಸಾವಿರ ಸಲ ಹಾಕಿದ ಹಾಡುಗಳು, ಮೈಕಿಲ್ಲದೆ ಇಷ್ಟು ಸಣ್ಣದಾಗಿ ಕೇಳಿರಲಿಲ್ಲ. ಹನ್ನೊಂದನೆಯದು ಮುಗಿಯಿತು. ಫೋನು ಸುಮ್ಮನಾಯಿತು. ಮೇಲೆ ಹೊಸದಾಗಿ ಹಾಕಿದ ಕಾಯಿಗಳ ನಡುವೆ ಇಲಿಯೊಂದು ಓಡಿದ ಸದ್ದು.

ಇದಾದ ಮೇಲೆ ಅಮ್ಮ ಇನ್ನೇನಾದರೂ ಹಾಡುತ್ತಿದ್ದಳಾ ಎಂದು ಕೇಳಿದೆ. ಹುಡುಗಿ ಯೋಚಿಸಿದಳು. ಏನೋ ಗುನುಗುತ್ತಿದ್ದರು, ಮಾತಿರುತ್ತಿರಲಿಲ್ಲ, ಯಾವುದು ಅಂತ ತಾನು ಕೇಳಲಿಲ್ಲ ಎಂದಳು. ಒಂದಿಷ್ಟು ಗುನುಗಲು ನೋಡಿದಳು, ಬರಲಿಲ್ಲ.

ಜೇಬಿನಲ್ಲಿದ್ದ ಕ್ಯಾಲೆಂಡರ್ ಚೂರು ತೆಗೆದು ಅವಳ ಅಂಗೈ ಮೇಲಿಟ್ಟೆ. ಅದೇ ಹನ್ನೆರಡನೆಯದೋ, ಒಲೆಗೆ ಹೋಗಬೇಕಿದ್ದ ಯಾವುದೋ ಚೀಟಿಯೋ, ಹೇಳುವವರು ಯಾರೂ ಇಲ್ಲ. ಅವಳು ಹಿಂದೆ ಮುಂದೆ ತಿರುಗಿಸಿ, ಇದೇನು ಮಾವ, ಏನೂ ಕಾಣಲ್ಲವಲ್ಲ ಎಂದಳು. ಅವಳಿಗೆ ಉತ್ತರ ಹೇಳಲು ಹೊರಟೆ. ಅಕ್ಕನದೇ ಕಣ್ಣು, ಅಕ್ಕನದೇ ನೋಟ. ಮಾತು ಅವಳನ್ನು ದಾಟಿ ಅಟ್ಟದ ಕಡೆ ಹೋಯಿತು. ಜೋರಾಗಿಯೇ ಹೇಳಿದೆ, ಅಂಗಳದಲ್ಲಿದ್ದವರಿಗೂ ಕೇಳುವ ಹಾಗೆ.

“ಆ ಪಟ್ಟಿ ನಿಂದು ಕಣಕ್ಕ. ಕೊನೇ ಹಾಡಿನ ಜಾಗದಲ್ಲಿ ನನ್ ಹೆಸರು ಬರ್ಕೊಂಡೆ. ಸುಳ್ಳು ಹೇಳ್ದೋಳು ನೀನಲ್ಲ, ನಾನು. ತಪ್ಪಾಯ್ತು ಕಣಕ್ಕ.”