ದೇರಣ್ಣ ದುರ್ಬೀನು ಆರಿಸಿದ್ದು

ಅಜ್ಜಾವರದ ದೇರಣ್ಣ ನಾಲ್ಕು ವರ್ಷ ಯೋಚಿಸಿ ಒಂದು ದುರ್ಬೀನು ಆರಿಸಿದ. ಅಷ್ಟು ಯೋಚನೆಯನ್ನು ಅವನು ತನ್ನ ಮದುವೆಗೂ ಮಾಡಿರಲಿಲ್ಲ. ನಾನು ಅವನ ನೆರೆಯವನು, ಓರಗೆಯವನು. ಆ ನಾಲ್ಕು ವರ್ಷ ಸಂಜೆಯಾದರೆ ಸಾಕು, ನನ್ನ ಜಗಲಿಯಲ್ಲಿ ಕುಳಿತು ಅದೇ ಮಾತು. ಕೇಳಿ ಕೇಳಿ ಬೇಸತ್ತವನಿಗೆ ಹೇಳುವ ಹಕ್ಕೂ ಇರಬೇಕಲ್ಲ.

ದೇರಣ್ಣ ಕಲ್ಲುಗುಂಡಿಯ ಮೇಲಿನ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದ. ಐವತ್ತೆರಡನೇ ಇಸವಿಯಲ್ಲಿ ಅಲ್ಲಿಯ ಬಿಳಿ ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ, ಲೆಕ್ಕ ತಪ್ಪದೆ ಬರೆದ ರೈಟರಿಗೆ ತನ್ನ ಬೇಟೆಯ ಪಿಸ್ತೂಲು ಕೊಟ್ಟು ಹೋದ. ಮೊಣಕೈಯಷ್ಟು ಉದ್ದ, ಎರಡು ನಳಿಗೆ, ಎತ್ತಿ ಹಿಡಿದರೆ ತೋಳು ನಡುಗುವಷ್ಟು ಭಾರ. ಹಿಂದೆ ಆನೆಯ ಮೇಲೆ ಕುಳಿತು ಹುಲಿ ಬೇಟೆಗೆ ಹೋಗುವವರು, ಹುಲಿ ಹಾರಿ ಆನೆಯ ಮೈಗೇ ಅಂಟಿಕೊಂಡರೆ ಅದರ ಹಣೆಗೆ ಒತ್ತಿ ಸುಡಲೆಂದು ಇಟ್ಟುಕೊಳ್ಳುತ್ತಿದ್ದ ಜಾತಿಯದು. ಅಂದರೆ ಒಂದು ಮಾರು ದೂರಕ್ಕೆಂದು ಮಾಡಿದ ವಸ್ತು. ಅದಕ್ಕೆ ದುರ್ಬೀನು ಬೇಕೆಂದು ಮಂಗಳೂರಿನಿಂದ ಮಡಿಕೇರಿಯವರೆಗೆ ಒಬ್ಬನಿಗೂ ಹೊಳೆದಿರಲಿಲ್ಲ. ದೇರಣ್ಣನಿಗೆ ಹೊಳೆಯಿತು.

ದೊರೆ ಬಿಟ್ಟು ಹೋದ ಗುಂಡಿನ ತೋಟೆಗಳು ಬರೇ ಆರು. ಅಂಥವು ಪುತ್ತೂರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಲೈಸನ್ಸು ಬಂದ ಮೇಲೂ ಅವನು ಪರೀಕ್ಷೆಗೆಂದು ಒಂದನ್ನೂ ಹಾರಿಸಲಿಲ್ಲ. ಹಾರಿಸದ ಪಿಸ್ತೂಲಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ದೇರಣ್ಣ ಮಾತಾಡಿದ. ಎರಡು ವರ್ಷದೊಳಗೆ ಕಡಬದ ಕಡೆಯಿಂದಲೂ ಜನ ಕೋವಿಯ ವಿಷಯ ಕೇಳಲು ಅವನಲ್ಲಿಗೆ ಬರತೊಡಗಿದರು. ಬಂದವರೆಲ್ಲ ಹತ್ತಾರು ಹಂದಿ ಹೊಡೆದವರು. ಹೇಳುವವನು ಮಾತ್ರ ಒಂದು ಅಳಿಲನ್ನೂ ಹೊಡೆದವನಲ್ಲ.

ಇಷ್ಟೆಲ್ಲ ಒಂದು ಹಂದಿಯ ತಲೆಗಾಗಿ. ನಮ್ಮಲ್ಲಿ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುತ್ತಾಳೆಂದು ಹಾರೆ, ನೇಗಿಲು ಮುಟ್ಟುವುದಿಲ್ಲ. ಗಂಡಸರು ಕಾಡಿಗೆ ಬೇಟೆಗೆ ಹೋಗುತ್ತಾರೆ. ಕೋವಿ ಇದ್ದವರು ಕಾಡಿನ ಬಾಯಿಯಲ್ಲಿ ಕಾದು ಕೂರುವುದು, ಇಲ್ಲದವರು ಒಳಗೆ ಹೋಗಿ ಡಬ್ಬಿ ಬಡಿದು, ಕೂಗಿ, ಹಂದಿಯನ್ನು ಹೊರಗೆ ಅಟ್ಟುವುದು. ಮಾಂಸ ಎಲ್ಲರಿಗೂ ಪಾಲು. ತಲೆ ಮಾತ್ರ ಹೊಡೆದವನಿಗೆ. ಹದಿನೆಂಟು ವರ್ಷ ದೇರಣ್ಣ ಡಬ್ಬಿ ಬಡಿದ. ಪಿಸ್ತೂಲು ಬಂದ ಮೇಲೂ ದುರ್ಬೀನಿಲ್ಲದೆ ಅದನ್ನು ಕಾಡಿಗೆ ಒಯ್ಯಲಿಲ್ಲ. ಹದಿನೆಂಟರಲ್ಲಿ ಹತ್ತು ವರ್ಷವಾದರೂ ತಲೆ ಹೋದದ್ದು ಅವನ ಹೆಂಡತಿ ದೇವಮ್ಮನ ಅಣ್ಣ ದುಗ್ಗಪ್ಪನ ಮನೆಗೆ. ಹೆಂಡತಿಯ ತವರಿನವರು ತಲೆ ಹೊತ್ತುಕೊಂಡು ಹೋಗುವಾಗ ತಾನು ಬಾಳೆಎಲೆಯಲ್ಲಿ ಒಂದು ಕಟ್ಟು ಹಿಡಿದು ಮನೆಗೆ ನಡೆಯುವುದೆಂದರೆ ಅವನಿಗೆ ಸಾವಿಗಿಂತ ಕಷ್ಟವಾಗುತ್ತಿತ್ತು. ಇದನ್ನು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದ.

"ಒಂದು ಸಲ ಸಾಕು ಮಾರಾಯ. ಒಂದು ಸಲ ತಲೆ ನನ್ನ ಹೆಗಲ ಮೇಲೆ ಮನೆಗೆ ಬರಬೇಕು. ದೇವು ನೋಡಬೇಕು."

ಆದರೆ ನಲುವತ್ತು ದಾಟಿದ ಮೇಲೆ ಅವನಿಗೆ ಇಪ್ಪತ್ತು ಹೆಜ್ಜೆ ಆಚೆಯದು ಮಂಜಾಗಿ ಕಾಣುತ್ತಿತ್ತು. ಕನ್ನಡಕ ಹಾಕು ಎಂದರೆ ಕನ್ನಡಕ ಹಾಕಿ ಯಾರಾದರೂ ಬೇಟೆಗೆ ಹೋಗುತ್ತಾರಾ ಎಂದು ಸಿಡುಕುತ್ತಿದ್ದ. ಮೂಗಿನ ಮೇಲೆ ಗಾಜು ಇದ್ದರೆ ಅವಮಾನ, ಪಿಸ್ತೂಲಿನ ಮೇಲೆ ಇದ್ದರೆ ಮರ್ಯಾದೆ. ಎಸ್ಟೇಟ್ ರೈಟರ ತಲೆ ಹೀಗೆ ಓಡುತ್ತದೆ.

ಮೊದಲು ಪುತ್ತೂರಿನಲ್ಲಿ ಹಳೆ ಸಾಮಾನು ಮಾರುವ ಮೊಯ್ದೀನನ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಮೊಯ್ದೀನ್ ಎರಡು ಕಣ್ಣಿನಿಂದ ನೋಡುವ ದೊಡ್ಡ ದುರ್ಬೀನು ಹೊರಗೆ ತೆಗೆದ.

"ನಿಮಗೆ ಒಂದು ಬದಿ ಸಾಕಲ್ಲ ರೈಟ್ರೆ, ಗರಗಸದಲ್ಲಿ ಕೊಯ್ದು ಕೊಡ್ತೇನೆ. ಇನ್ನೊಂದಕ್ಕೂ ಯಾರಾದ್ರೂ ಬರ್ತಾರೆ."

ಅದನ್ನು ಕೊಯ್ಯಿಸಬೇಕೇ ಬೇಡವೇ ಎಂದು ದೇರಣ್ಣ ಒಂದು ವರ್ಷ ಯೋಚಿಸಿದ. ಅಷ್ಟರಲ್ಲಿ ಯಾರೋ ಇಡಿಯಾಗಿಯೇ ಕೊಂಡುಹೋದರು. ಆಮೇಲೆ ಸಂಪಾಜೆ ರಸ್ತೆಯ ಅಳತೆಗೆ ಬಂದಿದ್ದವರೊಬ್ಬರು ಹಿತ್ತಾಳೆಯ ಹಳೆ ಕೊಳವೆ ತೋರಿಸಿದರು. ಅದರಲ್ಲಿ ನೋಡಿದರೆ ಎಲ್ಲವೂ ತಲೆಕೆಳಗು, ಅಳತೆಯವರಿಗೆ ಅದೇನೂ ತೊಂದರೆಯಲ್ಲವಂತೆ. ದೇರಣ್ಣ ಮೂರು ತಿಂಗಳು ಅದನ್ನು ಸಾಲ ತಂದು, ಜಗಲಿಯಿಂದ ನನ್ನ ದನಗಳು ಆಕಾಶದಲ್ಲಿ ಹುಲ್ಲು ಮೇಯುವುದನ್ನು ನೋಡಿ ಅಭ್ಯಾಸ ಮಾಡಿದ. ಅಭ್ಯಾಸವಾಗುತ್ತದೆ ಎಂದೇ ಹೇಳಿದ. ಮೂರು ತಿಂಗಳಾದ ಮೇಲೆ ನಡೆಯುವಾಗ ಎಡವತೊಡಗಿದ್ದರಿಂದ ಹಿಂದೆ ಕೊಟ್ಟ.

ಕೊನೆಗೆ ಒದಗಿದ್ದು ಬೆಳ್ಳಾರೆಯ ತ್ಯಾಂಪಣ್ಣ. ಅವನು ಮಿಲಿಟರಿಯಿಂದ ಬಂದವನು, ಯುದ್ಧದ ಕಾಲದ ಕೋವಿಯ ದುರ್ಬೀನು ಅವನಲ್ಲಿತ್ತು. ಅದರಲ್ಲಿ ನೋಡಿದರೆ ಗದ್ದೆಯ ಆಚೆ ಹೋಗುವ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು. ದೇರಣ್ಣ ಅಲ್ಲೇ ಸೋತುಹೋದ. ತ್ಯಾಂಪಣ್ಣ ಒಳ್ಳೆಯ ಮನುಷ್ಯ, ಮುಚ್ಚಿಡಲಿಲ್ಲ.

"ಕಣ್ಣಿಗೂ ಇದಕ್ಕೂ ಮೂರು ಬೆರಳು ಜಾಗ ಇರ್ಬೇಕು. ದೂರ ಹಿಡಿದ್ರೆ ಎಂತದೂ ಕಾಣುದಿಲ್ಲ. ಇದು ಹೆಗಲಿಗೆ ಒತ್ತುವ ಕೋವಿದ್ದು ಮಾರಾಯ. ಪಿಸ್ತೂಲು ಕೈ ಚಾಚಿ ಹಿಡಿಯುದಲ್ವಾ?"

"ಚಾಚದಿದ್ರೆ ಆಯ್ತಲ್ಲ."

"ಚಾಚದಿದ್ರೆ ಗುಂಡು ಹಾರುವಾಗ ಅದರ ಒದೆ ಎಲ್ಲಿಗೆ ಹೋಗುದು?"

"ಅದಕ್ಕೆಲ್ಲ ಒಂದು ಕ್ರಮ ಉಂಟು" ಎಂದ ದೇರಣ್ಣ. ಯಾವ ಕ್ರಮ ಎಂದು ನಾವಿಬ್ಬರೂ ಕೇಳಲಿಲ್ಲ. ನಾಲ್ಕು ವರ್ಷ ಮಾತಾಡಿದವನ ಎದುರು ಬಾಯಿ ತೆರೆಯಲು ಧೈರ್ಯ ಬೇಕು.

ಸುಳ್ಯದ ಆಚಾರಿ ಎರಡು ಹಿತ್ತಾಳೆಯ ಪಟ್ಟಿ ಬಡಿದು ದುರ್ಬೀನನ್ನು ಪಿಸ್ತೂಲಿನ ಬೆನ್ನಿಗೆ ಬಿಗಿದ. ಐವತ್ತಾರರ ಕೆಡ್ಡಸದ ಬೆಳಿಗ್ಗೆ ದೇರಣ್ಣ ಅದನ್ನು ಹೆಗಲಿಗೆ ಹಾಕಿ ಬಂದಾಗ ಬೇಟೆ ನಿಂತೇ ಹೋಯಿತು. ನಾಯಿಗಳನ್ನು ಬಿಟ್ಟು ಉಳಿದವರೆಲ್ಲ ಅದರೊಳಗೆ ಕಣ್ಣಿಟ್ಟು ನೋಡಿದರು. ದುಗ್ಗಪ್ಪನೂ ನೋಡಿದ.

"ಬಾವ, ಈ ಸಲ ತೋಡಿನ ಬದಿಗೆ ನೀವೇ ಕೂತುಕೊಳ್ಳಿ. ಹಂದಿ ಬರುದು ಅಲ್ಲಿಗೇ" ಎಂದ. ದೇರಣ್ಣನ ಮುಖ ಅರಳಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಕೈಯಲ್ಲಿ ಡಬ್ಬಿ ಇರಲಿಲ್ಲ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಅವನ ಹತ್ತಿರವೇ ಮರದ ಮೇಲೆ ಕುಳಿತು ದಾರಿ ನೋಡುವ ಕೆಲಸ ನನ್ನದಾಗಿತ್ತು. ಗಂಟೆ ಹತ್ತರ ಹೊತ್ತಿಗೆ ಗದ್ದಲ ಎದ್ದಿತು. ಒಂದು ಒಂಟಿ ಹಂದಿ ಪೊದೆ ಸೀಳಿಕೊಂಡು ತೋಡಿನ ದಡಕ್ಕೆ ಬಂದು ದೇರಣ್ಣನ ಎದುರೇ ನಿಂತಿತು. ಎಂಟು ಹೆಜ್ಜೆ, ಹೆಚ್ಚೆಂದರೆ ಒಂಬತ್ತು. ಕನ್ನಡಕ, ಗಾಜು ಯಾವುದೂ ಬೇಡ, ಅಷ್ಟು ಹತ್ತಿರದ್ದು ಅವನ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿತ್ತು. ಆದರೂ ಅವನು ಪಿಸ್ತೂಲನ್ನು ಮುಖದ ಹತ್ತಿರ ತಂದು, ಮೂರು ಬೆರಳು ಜಾಗ ಬಿಟ್ಟು, ಗಾಜಿನೊಳಗೆ ನೋಡಿದ. ಅಲ್ಲಿ ಬರೇ ಕಪ್ಪು ಕೂದಲು. ತಲೆಯೋ ಬೆನ್ನೋ ಅಂಡೋ ತಿಳಿಯದೆ ಆಚೆ ಈಚೆ ಹುಡುಕಿದ. ಹಂದಿಯೂ ಆ ಹೊಸ ವಸ್ತುವನ್ನು ನೋಡುತ್ತ ನಿಂತಿತ್ತು. ಕೊನೆಗೆ ಪಿಸ್ತೂಲಿನ ಕುದುರೆ ಎಳೆದ.

ಮರವೇ ಅಲುಗಿತು. ಪಿಸ್ತೂಲು ಹಿಂದಕ್ಕೆ ಹಾರಿ ತೋಡಿಗೆ ಬಿತ್ತು, ದುರ್ಬೀನಿನ ಅಂಚು ಅವನ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆದಿತ್ತು. ಗುಂಡು ಯಾವ ಮರಕ್ಕೆ ಹೋಯಿತೆಂದು ಇಂದಿಗೂ ತಿಳಿಯದು. ಹಂದಿ ಬೆದರಿ ತಿರುಗಿ ನೇರವಾಗಿ ದುಗ್ಗಪ್ಪನ ಎದುರಿಗೇ ಓಡಿತು. ಅವನು ಒಂದೇ ಗುಂಡಿಗೆ ಕೆಡವಿದ.

ಪಾಲು ಮಾಡುವಾಗ ದೇರಣ್ಣ ಹುಬ್ಬಿಗೆ ಹೆಗಲ ಬೈರಾಸು ಒತ್ತಿಕೊಂಡೇ ತಲೆಗಾಗಿ ವಾದಕ್ಕೆ ನಿಂತ. "ನಾನು ಸದ್ದು ಮಾಡದಿದ್ರೆ ಹಂದಿ ನಿಮ್ಮ ಎದುರು ಬರ್ತಿತ್ತಾ?"

"ಬರ್ತಿರ್ಲಿಲ್ಲ" ಎಂದ ದುಗ್ಗಪ್ಪ, ಶಾಂತವಾಗಿ. "ಸದ್ದು ಮಾಡಿ ಹಂದಿ ಅಟ್ಟಿದವರಿಗೆ ಡಬ್ಬಿಯವರ ಪಾಲು ಬಾವ. ಅದು ನಿಮಗೆ ಉಂಟು."

ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಆಗ ಪಾಲು ಮಾಡುವ ಹಿರಿಯ ಸುಂದರಜ್ಜ ಕತ್ತಿ ಒರೆಸುತ್ತ, ಬೇಟೆಯಲ್ಲಿ ರಕ್ತ ಸುರಿಸಿದವರಿಗೆ ಅರ್ಧ ಪಾಲು ಹೆಚ್ಚು ಕೊಡುವ ಕ್ರಮ ಉಂಟು ಎಂದ. ಕ್ರಮ ಇದ್ದದ್ದು ನಿಜ. ಅದು ಹಂದಿ ಕೋರೆಯಿಂದ ಸೀಳಿದ ನಾಯಿಗಳಿಗೆ ಎಂಬುದೂ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಜ್ಜ ನಾಯಿ ಎಂಬ ಮಾತು ಎತ್ತಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವನದು.

ಒಂದು ಕಣ್ಣು ಊದಿ ಮುಚ್ಚಿದ್ದ ದೇರಣ್ಣನನ್ನು ನಾನೇ ಕೈ ಹಿಡಿದು ಮನೆಗೆ ಕರೆತಂದೆ. ದೇವಮ್ಮ ಬಿಸಿನೀರು, ಅರಿಶಿನ ತಂದು ಗಾಯ ತೊಳೆದಳು. ಏನಾಯಿತೆಂದು ಅವನೇ ಹೇಳಿದ, ಒಂದೂ ಬಿಡದೆ, ನಾಯಿಯ ಪಾಲಿನವರೆಗೆ.

"ತಲೆ ತರಬೇಕೂಂತ ಇತ್ತು ದೇವು. ನಿನಗಾಗಿ."

ದೇವಮ್ಮ ಬಾಳೆಎಲೆಯ ಕಟ್ಟು ಬಿಚ್ಚಿ ನೋಡಿದಳು.

"ಅಣ್ಣನ ಮನೆಗೆ ತಲೆ ಬಂದ ದಿನ ಇಪ್ಪತ್ತು ಜನ ನೆಂಟ್ರು ಬರುದು. ಕೂದಲು ಸುಟ್ಟು, ಎಲುಬು ಒಡೆದು, ಎಲ್ಲರಿಗೂ ಬಡಿಸುವಾಗ ಅತ್ತಿಗೆಗೆ ಉಳಿಯುದು ಬರೇ ಸಾರು. ನನಗೆ ಆ ತಲೆ ಯಾವತ್ತೂ ಬೇಡ ಇತ್ತು."

"ಮೊದಲೇ ಹೇಳಬಾರದಿತ್ತಾ?"

"ನೀವು ಪುತ್ತೂರಿಗೆ ಹೋಗಿ ಮೊಯ್ದೀನನನ್ನು ಕೇಳಿದ್ರಿ. ಬೆಳ್ಳಾರೆಗೆ ಹೋಗಿ ತ್ಯಾಂಪಣ್ಣನನ್ನು ಕೇಳಿದ್ರಿ. ರಸ್ತೆ ಅಳೆಯುವವರನ್ನೂ ಕೇಳಿದ್ರಿ. ನಾನು ಈ ನಾಲ್ಕು ವರ್ಷ ಇಲ್ಲೇ ಒಳಗೆ ಇದ್ದೆ."

ದೇರಣ್ಣ ತೆರೆದಿದ್ದ ಒಂದು ಕಣ್ಣಿನಿಂದ ನನ್ನ ಕಡೆ ನೋಡಿದ. ನಾನು ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟೆ.